ಈ ಸಾಹೇಬರು

ಕೊರಿಯಾದಿಂದ ಇಬ್ಬರು ಬರುತ್ತಾರೆ ಎಂಬುದರಲ್ಲಿ ಗುಂಡಿ ಕಾರ್ಖಾನೆಯ ಯಾರಿಗೂ ಅನುಮಾನವಿರಲಿಲ್ಲ. ಕೊರಿಯಾದ ದೊಡ್ಡ ಕೋಟು ಕಂಪನಿಯ ಇಮೇಲಿನಲ್ಲಿ ‘ನಮ್ಮ ಖರೀದಿ ವಿಭಾಗದ ಮುಖ್ಯಸ್ಥರಾದ ಲೀ ಅವರು ಗುರುವಾರ ಬೆಳಗಿನ ವಿಮಾನಕ್ಕೆ ಬರುತ್ತಾರೆ’ ಎಂದಿತ್ತು. ಟಿಕೆಟ್ ಮಾಡಿಸಿದ ಟ್ರಾವೆಲ್ಸಿನವರ ಇಮೇಲಿನಲ್ಲಿ ‘ಯಿ ಅವರು ಗುರುವಾರ ಬೆಳಗಿನ ವಿಮಾನಕ್ಕೆ ಬರುತ್ತಾರೆ’ ಎಂದಿತ್ತು. ಲೀ ಒಬ್ಬರು, ಯಿ ಒಬ್ಬರು. ಹೋಟೆಲಿನಲ್ಲಿ ಎರಡು ಕೋಣೆ, ವಿಮಾನ ನಿಲ್ದಾಣಕ್ಕೆ ಎರಡು ಕಾರು, ಎರಡು ಹೂಗುಚ್ಛ ಎಲ್ಲವನ್ನೂ ಗೊತ್ತುಮಾಡಿ ಸ್ವಾಗತಯ್ಯ ನಿಟ್ಟುಸಿರು ಬಿಟ್ಟಿದ್ದ.

ಸ್ವಾಗತಯ್ಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಾರ್ಖಾನೆಯ ಮುಂಬಾಗಿಲ ಮೇಜಿನ ಹಿಂದೆ ಕೂರುವ ಅವನು ಯಾರು ಬಂದರೂ ಸ್ಪ್ರಿಂಗಿನಂತೆ ಎದ್ದು ನಿಂತು ಸ್ವಾಗತ ಹೇಳುತ್ತಿದ್ದ. ಕರೆಂಟು ಬಿಲ್ಲು ತಂದವನಿಗೂ ಹೇಳುತ್ತಿದ್ದ. ಕಷ್ಟವೆಂದರೆ, ಬಂದವರು ಯಾರು ಎಂದು ಗುರುತಿಸುವುದರಲ್ಲಿ ಅವನು ಸ್ವಲ್ಪ ಹಿಂದೆ. ಹೋದ ವರ್ಷ ಬ್ಯಾಂಕಿನ ದೊಡ್ಡ ಅಧಿಕಾರಿಯನ್ನು ಬಣ್ಣ ಮಾರುವವನೆಂದು ತಿಳಿದು ಹಿಂಬಾಗಿಲಿಗೆ ಕಳಿಸಿದ್ದ. “ಇನ್ನೊಂದು ಸಲ ಹೀಗೆ ಮಾಡಿದ್ಯೋ, ನಿನ್ನ ಕುರ್ಚಿ ಪ್ಯಾಕಿಂಗ್ ವಿಭಾಗಕ್ಕೆ ಹೋಗುತ್ತೆ,” ಎಂದು ಯಜಮಾನರು ಆಗಲೇ ಹೇಳಿಯಾಗಿತ್ತು. ಈಗಂತೂ ಕಾರ್ಖಾನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಕೋಟು ಕಂಪನಿಯ ಆರ್ಡರ್ ಸಿಗದಿದ್ದರೆ ಎರಡನೇ ಪಾಳಿಯನ್ನೇ ಮುಚ್ಚಬೇಕಾಗಿತ್ತು.

ಗುರುವಾರ ಬೆಳಿಗ್ಗೆ ಅವನು ಶೂಗೆ ಪಾಲಿಶ್ ಹಾಕುತ್ತಾ “ವೆಲ್‌ಕಮ್ ಮಿಸ್ಟರ್ ಲೀ, ವೆಲ್‌ಕಮ್ ಮಿಸ್ಟರ್ ಯಿ” ಎಂದು ಬಾಯಿಪಾಠ ಮಾಡುತ್ತಿದ್ದಾಗ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದಳು. ಕಾಲೇಜಿನ ಪಾಠಕ್ಕಿಂತ ಕೊರಿಯಾದ ಧಾರಾವಾಹಿಗಳನ್ನು ಹೆಚ್ಚು ಶ್ರದ್ಧೆಯಿಂದ ನೋಡುವ ಹುಡುಗಿ. ಇಮೇಲುಗಳನ್ನು ಓದಿ ಬಿದ್ದು ಬಿದ್ದು ನಕ್ಕಳು.

“ಅಪ್ಪ, ಇವೆರಡೂ ಒಂದೇ ಹೆಸರು! ಎರಡನ್ನೂ ‘ಈ’ ಅಂತ ಹೇಳ್ಬೇಕು.”

“ಇಲ್ಲಿ ಎಲ್ ಇದೆಯಲ್ಲೇ?”

“ಎಲ್ ಬರೆಯೋಕೆ ಮಾತ್ರ, ಹೇಳೋಕಲ್ಲ. ಇಂಗ್ಲಿಷಲ್ಲಿ ಅವರವರಿಗೆ ತೋಚಿದ ಹಾಗೆ ಬರ್ಕೋತಾರೆ. ಒಬ್ಬರನ್ನೇ ಕಂಪನಿಯವರು ಒಂದು ಥರ ಬರೆದಿದ್ದಾರೆ, ಟ್ರಾವೆಲ್ಸಿನವರು ಇನ್ನೊಂದು ಥರ. ಬರೋದು ಒಬ್ಬರೇ ಇರ್ಬೇಕು, ವಿಚಾರಿಸಿ ನೋಡು.”

ಸ್ವಾಗತಯ್ಯ ಪಾಲಿಶ್ ಬ್ರಷ್ ಬಿಸಾಕಿ ಎದ್ದ. ಪಾಲಿಶ್ ಹಾಕಿದ ಒಂದು ಶೂ, ಹಾಕದ ಇನ್ನೊಂದು ಶೂ ಮೆಟ್ಟಿಕೊಂಡು, ಹೆಂಡತಿ ಕಟ್ಟಿಟ್ಟಿದ್ದ ಊಟದ ಡಬ್ಬಿಯನ್ನು ಅಲ್ಲೇ ಮರೆತು ಕಾರ್ಖಾನೆಗೆ ಓಡಿದ.

“ಸರ್, ಬರ್ತಿರೋದು ಇಬ್ಬರಲ್ಲ. ಈ ಸಾಹೇಬರು ಒಬ್ಬರೇ.”

“ಯಾವ ಸಾಹೇಬರು?” ಎಂದರು ಯಜಮಾನರು.

“ಈ ಸಾಹೇಬರು ಸರ್.”

ಯಜಮಾನರು ಕೋಣೆಯ ಸುತ್ತ ಕಣ್ಣಾಡಿಸಿದರು. “ಎಲ್ಲಿದ್ದಾರೆ?”

“ಇಲ್ಲಿಲ್ಲ ಸರ್. ಇನ್ನೂ ವಿಮಾನದಲ್ಲಿದ್ದಾರೆ.”

“ವಿಮಾನದಲ್ಲಿದ್ರೆ ‘ಆ ಸಾಹೇಬರು’ ಅನ್ನಯ್ಯ.”

“ಆ ಅಲ್ಲ ಸರ್, ಈ. ಅವರ ಹೆಸರೇ ಈ.”

ಅಷ್ಟರಲ್ಲಿ ಸ್ಟೋರ್‌ಕೀಪರ್ ಒಳಗೆ ಬಂದ. ಸ್ವಾಗತಯ್ಯನ ಪಕ್ಕದ ಮನೆಯವನೇ. ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಅವನ ಮೂಗಿಗೆ ತಿಳಿಯಬೇಕು. ಲೀ ಎಂಬುದನ್ನು ಈ ಎನ್ನಬೇಕೆಂದು ಕೇಳಿ ಅವನ ಕಣ್ಣು ಕಿರಿದಾಯಿತು. “ಅದರಲ್ಲಿದ್ದ ಎಲ್ ಎಲ್ಲಿ ಹೋಯ್ತು?” ಎಂದು, ಸ್ಟೋರಿನಿಂದ ಸಾಮಾನು ಕಳುವಾದವನಂತೆ ಕೇಳಿದ.

ಯಜಮಾನರು ಟ್ರಾವೆಲ್ಸಿಗೆ ಫೋನ್ ಮಾಡಿ ವಿಚಾರಿಸಿದರು. ಟಿಕೆಟ್ ಒಂದೇ! ಒಂದು ಕೋಣೆ, ಒಂದು ಕಾರು ಕೂಡಲೇ ರದ್ದಾದವು. ಯಜಮಾನರು ಸ್ವಾಗತಯ್ಯನ ಬೆನ್ನು ತಟ್ಟಿದರು. ಇಷ್ಟು ವರ್ಷದ ನೌಕರಿಯಲ್ಲಿ ಆ ಬೆನ್ನಿನ ಮೇಲೆ ಆ ಕೈ ಬಿದ್ದದ್ದು ಅದೇ ಮೊದಲು.

ಇನ್ನು ವಿಮಾನ ನಿಲ್ದಾಣದಲ್ಲಿ ಹಿಡಿಯುವ ಬೋರ್ಡಿನ ಮೇಲೆ ಏನು ಬರೆಯುವುದು? ಸ್ಟೋರ್‌ಕೀಪರನೇ ತೀರ್ಪು ಕೊಟ್ಟ. “ಲೀ ಅಂತ ಬರೆದ್ರೆ ಕಂಪನಿಯವರಿಗೆ ಸರಿ, ಯಿ ಅಂತ ಬರೆದ್ರೆ ಟ್ರಾವೆಲ್ಸಿನವರಿಗೆ ಸರಿ. ಬರೋ ಮನುಷ್ಯನಿಗೆ ಸರಿ ಅನ್ನಿಸ್ಬೇಕಾದ್ರೆ ಬಾಯಲ್ಲಿ ಹೇಗೆ ಹೇಳ್ತೀವೋ ಹಾಗೆ ಬರೀಬೇಕು.” ರಟ್ಟಿನ ಮೇಲೆ ಇಂಗ್ಲಿಷಿನ ಎರಡು ‘ಇ’ಗಳನ್ನು ಕುಂಬಳಕಾಯಿ ಗಾತ್ರದಲ್ಲಿ ಬರೆದದ್ದಾಯಿತು. ಕಾರ್ಖಾನೆಯ ಹೆಸರಿಗೆ ತಳದಲ್ಲಿ ಚೂರು ಜಾಗ ಉಳಿಯಿತು. ಬೋರ್ಡು ಹಿಡಿದಾಗ ಸ್ವಾಗತಯ್ಯನ ಹೆಬ್ಬೆರಳುಗಳು ಸರಿಯಾಗಿ ಅಲ್ಲೇ ಬರುತ್ತಿದ್ದವು.

ನಿಲ್ದಾಣದ ಬಾಗಿಲಿನಿಂದ ಜನ ಹೊರಬೀಳತೊಡಗಿದರು. ಹಲವರು ಬೋರ್ಡಿನತ್ತ ನೋಡಿ ಮುಂದೆ ಹೋದರು. ಅಗಲ ಟೋಪಿ, ಕಪ್ಪು ಕನ್ನಡಕ, ಮಾಸ್ಕ್ ಧರಿಸಿದ್ದ ಒಬ್ಬ ಹೆಂಗಸು ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದಿ, ಇವನದನ್ನೂ ಓದಿ, ತಲೆ ಅಲ್ಲಾಡಿಸಿ ಹೊರಟುಹೋದಳು. ಕೊನೆಗೆ ಕೋಟು ಹಾಕಿದ ಒಬ್ಬ ದುಂಡು ಮುಖದ ಕೊರಿಯಾದವನು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಅತ್ತಿತ್ತ ನೋಡುತ್ತಾ ನಿಂತ. ಸ್ವಾಗತಯ್ಯ ಹತ್ತಿರ ಹೋಗಿ, ಮಗಳು ಹೇಳಿಕೊಟ್ಟಂತೆ, “ಈ?” ಎಂದ.

ಆ ಮನುಷ್ಯನ ಮುಖ ಬಲ್ಬಿನಂತೆ ಹೊತ್ತಿಕೊಂಡಿತು. “ಈ! ಈ!” ಎಂದು ಎದೆ ಮುಟ್ಟಿಕೊಂಡು ಸೊಂಟದವರೆಗೆ ಬಾಗಿದ. ಸ್ವಾಗತಯ್ಯನೂ ಬಾಗಿದ. ಇಬ್ಬರ ತಲೆಯೂ ಢಿಕ್ಕಿ ಹೊಡೆಯಿತು. ಆದರೂ ಖಚಿತ ಮಾಡಿಕೊಳ್ಳೋಣವೆಂದು ಸ್ವಾಗತಯ್ಯ ತನ್ನ ಅಂಗಿಯ ಗುಂಡಿ ಹಿಡಿದು “ಬಟನ್?” ಎಂದ. ಅತಿಥಿ ತನ್ನ ಚೀಲ ತಟ್ಟಿ “ಬಟನ್! ಬಟನ್!” ಎಂದ. ಇನ್ನೇನು ಬೇಕು?

ಕಾರ್ಖಾನೆಯಲ್ಲಿ ಯಜಮಾನರೇ ಬಾಗಿಲಿಗೆ ಬಂದು ಹೂಗುಚ್ಛ ಕೊಟ್ಟರು. ಈ ಸಾಹೇಬರನ್ನು ಯಂತ್ರಗಳ ನಡುವೆ ಸುತ್ತಾಡಿಸಿ, ಕೊನೆಗೆ ತಮ್ಮ ಕೋಣೆಯ ದೊಡ್ಡ ಮೇಜಿನ ಮುಂದೆ ಕೂರಿಸಿ, ಮಾದರಿ ಗುಂಡಿಗಳ ತಟ್ಟೆ ಇಟ್ಟರು. ಅತಿಥಿಯೂ ತನ್ನ ಚೀಲದಿಂದ ಒಂದು ತಟ್ಟೆ ಗುಂಡಿ ತೆಗೆದಿಟ್ಟ. “ಹೋಲಿಸಿ ನೋಡೋಕೆ ತಂದಿದ್ದಾರೆ, ಬುದ್ಧಿವಂತರು,” ಎಂದು ಯಜಮಾನರು ಸ್ವಾಗತಯ್ಯನ ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ಗೇಟಿನಿಂದ ಫೋನ್ ಬಂತು. ಕಾವಲುಗಾರ ಅಂದೇ ಕೆಲಸಕ್ಕೆ ಸೇರಿದ್ದವನು.

“ಅಣ್ಣಾ, ನಿಮ್ಮ ಮನೆಯವರು ಬಂದಿದ್ದಾರೆ.”

“ನಮ್ಮನೆಯವಳು ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಬಂದಾಗಿನಿಂದ ‘ರೀ, ರೀ’ ಅಂತಿದ್ದಾರೆ. ನನ್ನನ್ನಂತೂ ಅಲ್ಲ, ನನಗಿನ್ನೂ ಮದುವೆ ಆಗಿಲ್ಲ. ಆಫೀಸಿನ ಕಡೆ ಕೈ ತೋರಿಸ್ತಿದ್ದಾರೆ. ಆಫೀಸಲ್ಲಿರೋದು ಯಜಮಾನರು ಮತ್ತೆ ನೀವು. ಯಜಮಾನರ ಹೆಂಡತಿ ಬಾಡಿಗೆ ಕಾರಲ್ಲಿ ಯಾಕೆ ಬರ್ತಾರೆ?”

ಸ್ವಾಗತಯ್ಯನಿಗೆ ಮರೆತು ಬಂದ ಊಟ ನೆನಪಾಯಿತು. “ಕೈಯಲ್ಲಿ ಡಬ್ಬಿ ಇದೆಯಾ?”

“ಇದೆ. ದೊಡ್ಡದೇ ಇದೆ.”

“ಹಾಗಾದ್ರೆ ಅವಳೇ. ಬೆಂಚಿನ ಮೇಲೆ ಕೂರಿಸು. ಒಳಗೆ ಮಾತ್ರ ಬಿಡ್ಬೇಡ ಮಾರಾಯ, ವಿದೇಶದ ಅತಿಥಿ ಇದ್ದಾರೆ.”

ಒಳಗೆ ವ್ಯವಹಾರ ಭರದಿಂದ ಸಾಗಿತ್ತು. ಯಜಮಾನರ ಇಂಗ್ಲಿಷ್ ಅಷ್ಟಕ್ಕಷ್ಟೆ, ಅತಿಥಿಯದು ಅದಕ್ಕಿಂತ ಕಡಿಮೆ. ಅವರು ಗುಂಡಿ ಎತ್ತಿ ಹಿಡಿದು “ಗುಡ್?” ಎಂದರೆ ಇವರು “ವೆರಿ ಗುಡ್!”, ಇವರು ಎತ್ತಿ ಹಿಡಿದರೆ ಅವರು “ವೆರಿ ವೆರಿ ಗುಡ್!” ಹೊಸ ಮದುಮಕ್ಕಳಂತೆ ಇಬ್ಬರೂ ಒಬ್ಬರನ್ನೊಬ್ಬರು ಹೊಗಳುವುದನ್ನು ಸ್ವಾಗತಯ್ಯ ಕಣ್ತುಂಬ ನೋಡಿದ. ಇನ್ನು ಎರಡನೇ ಪಾಳಿಗೆ ಭಯವಿಲ್ಲ ಎನ್ನಿಸಿತು.

ಮತ್ತೆ ಗೇಟಿನ ಫೋನು. “ಅಣ್ಣಾ, ನಿಮ್ಮವರು ಈಗ ಎದೆ ಎದೆ ಬಡ್ಕೊಂಡು ‘ರೀ’ ಅಂತಿದ್ದಾರೆ. ಮಾಸ್ಕ್ ಹಾಕ್ಕೊಂಡಿದ್ದಾರಲ್ಲ, ಬೇರೆ ಮಾತೊಂದೂ ತಿಳೀತಿಲ್ಲ. ‘ರೀ’ ಮಾತ್ರ ಸ್ಪಷ್ಟ.”

“ಎದೆ ಬಡ್ಕೊಳ್ತಿದ್ರೆ ಅನುಮಾನವೇ ಬೇಡ, ನಮ್ಮನೆಯವಳೇ,” ಎಂದ ಸ್ವಾಗತಯ್ಯ. “ಕೋಪ ಮಾಡ್ಕೋಬೇಡ, ಸಾಯಂಕಾಲ ಸಮಾಧಾನ ಮಾಡ್ತೀನಿ ಅಂತ ಹೇಳು. ಒಂದು ಟೀ ತರಿಸಿ ಕೊಡು.”

ಯಜಮಾನರೂ ಅತಿಥಿಯೂ ಎದ್ದು ನಿಂತು ಕೈ ಕುಲುಕಿದರು. ಅತಿಥಿ ಸಂತೋಷದಿಂದ ತನ್ನ ಊರಿಗೆ ಫೋನ್ ಹಚ್ಚಿ ಯಜಮಾನರ ಕೈಗೆ ಕೊಟ್ಟ. ಆ ಕಡೆಯಿಂದ ಯಾರೋ ಚೆನ್ನಾಗಿ ಇಂಗ್ಲಿಷ್ ಬಲ್ಲವರು, “ನಮ್ಮ ಒಂದು ಲಾರಿ ಗುಂಡಿ ಕೊಳ್ಳಲು ಒಪ್ಪಿದ್ದಕ್ಕೆ ತುಂಬಾ ಧನ್ಯವಾದ,” ಎಂದರು.

ಯಜಮಾನರು ಫೋನನ್ನು ಕಿವಿಯಿಂದ ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಕಿವಿಗೆ ಇಟ್ಟುಕೊಂಡರು. ಅಲ್ಲಿಂದ ಅದೇ ಮಾತು ಬಂತು. ಗುಂಡಿ ಮಾರಲು ಕೂತವರು ಗುಂಡಿ ಕೊಂಡಿದ್ದರು.

ಅದೇ ಹೊತ್ತಿಗೆ ಅವರ ಸ್ವಂತ ಫೋನು ರಿಂಗಾಯಿತು. ಕೋಟು ಕಂಪನಿಯವರು. “ನಮ್ಮ ಮುಖ್ಯಸ್ಥರು ಬಹಳ ಹೊತ್ತಿನಿಂದ ನಿಮ್ಮ ಗೇಟಿನ ಬೆಂಚಿನ ಮೇಲೆ ಕೂತಿದ್ದಾರಂತೆ. ಯಾರೋ ಟೀ ಕೊಟ್ಟರಂತೆ, ಒಳಗೆ ಬಿಡುತ್ತಿಲ್ಲವಂತೆ. ಏನಾದರೂ ತೊಂದರೆಯೇ?”

ಯಜಮಾನರು ಬಿಳಿಚಿಕೊಂಡು ಸ್ವಾಗತಯ್ಯನತ್ತ ತಿರುಗಿದರು. “ಹಾಗಾದ್ರೆ ಇವನ್ಯಾರೋ?”

“ಈ, ಸರ್.”

“ಅದನ್ನೇ ಕೇಳ್ತಿರೋದು! ಈ ಯಾರು?”

ದುಂಡು ಮುಖದವನು ಗಾಬರಿಯಾಗಿ ತನ್ನ ಕಾರ್ಡು ಕೊಟ್ಟ. ಹೆಸರು ಈ ಎಂಬುದೇನೋ ನಿಜ. ಆದರೆ ಅವನು ಕೊರಿಯಾದ ಗುಂಡಿ ವ್ಯಾಪಾರಿ. ಊರಿನ ಇನ್ನೊಂದು ತುದಿಯ ಅಂಗಿ ಕಾರ್ಖಾನೆಗೆ ಬಂದವನು. ಕರೆದುಕೊಂಡು ಹೋಗಲು ಅಲ್ಲಿಯವರು ಬಂದಿರಲಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ತನ್ನ ಹೆಸರನ್ನು ಅಷ್ಟು ಸೊಗಸಾಗಿ ಕರೆದದ್ದು ಕೇಳಿ ಹಿಂದೆ ಮುಂದೆ ನೋಡದೆ ಕಾರು ಹತ್ತಿದ್ದ.

ಸ್ವಾಗತಯ್ಯ ಗೇಟಿಗೆ ಓಡಿದ. ಬೆಂಚಿನ ಮೇಲೆ ಅದೇ ಅಗಲ ಟೋಪಿ, ಅದೇ ಕಪ್ಪು ಕನ್ನಡಕ. ತೊಡೆಯ ಮೇಲೆ ಉಡುಗೊರೆಯ ಡಬ್ಬಿ. ಆಕೆ ಎದ್ದು ನಿಂತು, ಸೋತ ದನಿಯಲ್ಲಿ “ರೀ” ಎಂದು ಕಾರ್ಡು ಕೊಟ್ಟಳು. ಆರ್, ಎಚ್, ಇ, ಇ. ಲೀ ಅಲ್ಲ, ಯಿಯೂ ಅಲ್ಲ. ಅವನು ಕಾರ್ಡನ್ನು ನೋಡಿದ, ಆಕೆಯನ್ನು ನೋಡಿದ. ತಡವರಿಸುತ್ತಾ, “ಈ?” ಎಂದ.

ಆಕೆ ಕನ್ನಡಕ ತೆಗೆದಳು. ಮುಖದ ಬಿಗಿ ಸಡಿಲವಾಯಿತು.

“ಹೌದು, ಈ! ಹೊರದೇಶದಲ್ಲಿ ಯಾರೂ ಹಾಗೆ ಕರೆಯೋದಿಲ್ಲ. ಕಾರ್ಡಿನಲ್ಲಿ ಇರುವಂತೆ ರೀ ಅಂತಾರೆ. ಅದಕ್ಕೇ ನಾನೂ ರೀ ಅಂತಲೇ ಹೇಳಿಕೊಳ್ಳೋದು,” ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು. ವಿಮಾನ ನಿಲ್ದಾಣದಲ್ಲಿ ಅವನ ಬೋರ್ಡನ್ನೂ ನೋಡಿದ್ದಳಂತೆ. ಯಾರೋ ಕಣ್ಣಿನ ಡಾಕ್ಟರು ದೃಷ್ಟಿ ಪರೀಕ್ಷೆಗೆ ನಿಂತಿದ್ದಾರೆ ಅಂದುಕೊಂಡಳಂತೆ.

ಅವಳು ಒಳ್ಳೆಯವಳು. ನಡೆದದ್ದನ್ನೆಲ್ಲ ಕೇಳಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಹೋಗುವಾಗ ದೊಡ್ಡ ಆರ್ಡರನ್ನೇ ಕೊಟ್ಟಳು. ಗುಂಡಿ ವ್ಯಾಪಾರಿಯೂ ಲಾರಿಯ ಮಾತನ್ನು ಅಲ್ಲಿಗೇ ಬಿಟ್ಟು, ಹೂಗುಚ್ಛವನ್ನು ಮಾತ್ರ ಬಿಡದೆ, ಅಂಗಿ ಕಾರ್ಖಾನೆಗೆ ಹೊರಟ. ಯಜಮಾನರು ಸ್ವಾಗತಯ್ಯನನ್ನು ದೀರ್ಘವಾಗಿ ನೋಡಿ, “ಹೋಗು, ನಾಳೆ ಅದೇ ಕುರ್ಚಿಗೆ ಬಂದು ಕೂತ್ಕೋ,” ಎಂದರು.

ಸ್ವಾಗತಯ್ಯ ಹಗುರವಾಗಿ ಮನೆಗೆ ಬಂದ. ಬೆಳಿಗ್ಗೆಯಿಂದ ಊಟವಿಲ್ಲ, ಆದರೂ ಹಸಿವು ತಿಳಿದಿರಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಮೇಜಿನ ಮೇಲೆ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

“ಯಾರವಳು?”

“ಯಾವಳು?”

“ಟೋಪಿ ಹಾಕ್ಕೊಂಡು ಗೇಟಲ್ಲಿ ಕೂತು ನಿಮ್ಮನ್ನ ‘ರೀ, ರೀ’ ಅಂತ ಕರೀತಿದ್ದವಳು. ಪಕ್ಕದ ಮನೆಯವರು ಮಧ್ಯಾಹ್ನ ಊಟಕ್ಕೆ ಬಂದಾಗ ಕಣ್ಣಾರೆ ನೋಡಿದ್ದಾರೆ. ‘ಸ್ವಾಗತಯ್ಯನವರ ಹೆಂಡತಿ’ ಅಂತ ಗೇಟಿನವನೇ ಹೇಳಿದ್ನಂತೆ. ನಮ್ಮನೆಯವಳೇ ಅಂತ ನೀವು ಫೋನಲ್ಲಿ ಎರಡೆರಡು ಸಲ ಒಪ್ಪಿಕೊಂಡಿದ್ದೀರಂತೆ! ಸಾಯಂಕಾಲ ಸಮಾಧಾನ ಮಾಡ್ತೀನಿ ಅಂದ್ರಂತೆ! ಟೀ ಬೇರೆ!”

ಸ್ವಾಗತಯ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಅದು ತಪ್ಪಾಯಿತು. “ಅಯ್ಯೋ, ಅದು ಅವರ ಹೆಸರು ಕಣೇ! ಅವರು ಕೊರಿಯಾದವರು. ರೀ ಅನ್ನೋದು ಅಲ್ಲಿಯ ಹೆಸರು.”

“ಹೆಸರಂತೆ! ಊರಿನವರ ಗಂಡಂದಿರನ್ನೆಲ್ಲ ಕೂಗೋ ಹಾಗೆ ಯಾರಾದ್ರೂ ಹೆಸರಿಟ್ಕೋತಾರಾ?”

“ನನ್ನ ಮಾತು ನಂಬಬೇಡ. ಕೊರಿಯಾದ ವಿಷಯ ಗೊತ್ತಿರೋಳು ಮನೇಲೇ ಇದ್ದಾಳಲ್ಲ, ಅವಳನ್ನೇ ಕೇಳು,” ಎಂದು ಸ್ವಾಗತಯ್ಯ ಗೆದ್ದವನಂತೆ ಮಗಳನ್ನು ಕೂಗಿದ. “ಹೇಳು ಮಗಳೇ. ಕೊರಿಯಾದಲ್ಲಿ ರೀ ಅಂತ ಹೆಸರಿದೆಯೋ ಇಲ್ವೋ?”

ಸೋಫಾದ ಮೇಲೆ ಕಾಲು ಚಾಚಿ ಧಾರಾವಾಹಿ ನೋಡುತ್ತಿದ್ದ ಮಗಳು ಒಂದು ಕಿವಿಯ ಇಯರ್‌ಫೋನ್ ತೆಗೆದಳು. ಅಪ್ಪನ ಉಚ್ಚಾರಣೆಗೆ ಮುಖ ಸಿಂಡರಿಸಿದಳು.

“ರೀ ನಾ? ಅಯ್ಯೋ ಅಪ್ಪ, ನಾನು ನೋಡಿದ ಒಂದು ಧಾರಾವಾಹಿಯಲ್ಲೂ ಯಾರನ್ನೂ ಹಾಗೆ ಕರೆದಿದ್ದು ಕೇಳಿಲ್ಲ,” ಎಂದು ಹೇಳಿ ಇಯರ್‌ಫೋನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.