ಕಾರವಾನೂ ಒಂದು ಜೊತೆ ವಾಕಿ-ಟಾಕಿಯೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಸಾಮಾನು ಕೊಳ್ಳುವ ಜಾತಿಯ ಮನುಷ್ಯ. ಬೇಜಾರಾದಾಗ ಕೆಲವರು ಹಾಡು ಕೇಳುತ್ತಾರೆ, ಕೆಲವರು ಮುಸುಕೆಳೆದು ಮಲಗುತ್ತಾರೆ, ನಮ್ಮ ಆಫೀಸಿನ ಒಬ್ಬರು ಊರಿಗೆ ಫೋನು ಮಾಡಿ ಅಣ್ಣನ ಜೊತೆ ಹಳೆಯ ಜಗಳವನ್ನು ಮುಂದುವರಿಸುತ್ತಾರೆ. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. ಒಂದು ಕ್ಲಾಂಪು, ಒಂದು ಹುಕ್ಕು, ಯಾವುದಕ್ಕೆ ಎಂದು ಗೊತ್ತಿಲ್ಲದ ಒಂದು ರಬ್ಬರ್ ವಾಷರು, ಹೀಗೆ ಏನಾದರೂ ಕೈಯಲ್ಲಿ ಹಿಡಿದುಕೊಂಡು ಹೊರಬಂದರೆ ಮನಸ್ಸಿಗೆ ಒಂದು ಧೈರ್ಯ. ಇದಕ್ಕೆ ಬಳಕೆ ಒದಗುವ ದಿನವೊಂದು ಮುಂದೆ ಇದೆ ಎನ್ನುವ ಧೈರ್ಯ. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಹೋದ ವರ್ಷ ನಾನು ಒಂದು ಇಡೀ ಕಾರವಾನನ್ನೇ ಕೊಂಡೆ. ಅದೇ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ.

ಹೇಗೆ ಆಯಿತೆಂದರೆ, ನಾನು ಅಬುಧಾಬಿಯಲ್ಲಿ ಒಂದು ಕಟ್ಟಡ ಕಂಪನಿಯ ನಕಾಶೆಗಳನ್ನು ಕಾಯುವವನು. ಇತರರ ಮನೆಗಳ ನಕ್ಷೆಗಳು ನನ್ನ ಕಂಪ್ಯೂಟರಿನಲ್ಲಿ ಸಾವಿರಗಟ್ಟಲೆ ಇವೆ. ಹೆಂಡತಿ ಗ್ರೆಟ್ಟಾ ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಎರಡು ವರ್ಷದ ಹಿಂದೆ ಮಗಳು ಶಾರಲ್‌ಳ ಕಾಲೇಜಿಗೆಂದು ಇಬ್ಬರೂ ಮಂಗಳೂರಿಗೆ ಹೋದರು. ಒಬ್ಬನಿಗೆ ಅಷ್ಟು ದೊಡ್ಡ ಫ್ಲಾಟ್ ಏಕೆ ಎಂದು ಅದನ್ನು ಬಿಟ್ಟು, ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ ಮೂವರು ಹಂಚಿಕೊಂಡ ಮನೆಯ ಒಂದು ಕೋಣೆಗೆ ನಾನು ಬಂದೆ. ಮಂಚ, ಬೀರು, ಒಂದು ಕಿಟಕಿ. ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಹೇಳಿದ್ದರು. ಬೀರುವಿನ ಮೇಲೆ ಹತ್ತಿ ನಿಂತರೆ ಕಾಣುತ್ತದೆ. ಕಳೆದ ರಜೆಯಲ್ಲಿ ಅವರಿಬ್ಬರೂ ಬಂದಾಗ ಆ ಕೋಣೆಗೆ ಕರೆದುಕೊಂಡು ಹೋಗಲಾಗದೆ ಹೋಟೆಲಿನಲ್ಲಿ ಇಳಿಸಿದೆ, ನಾನೂ ಅಲ್ಲೇ ಅತಿಥಿಯ ಹಾಗೆ ಇದ್ದೆ. ನಾಲ್ಕನೆಯ ದಿನ ತಿಂಡಿ ತಿನ್ನುವಾಗ ಶಾರಲ್ ಕೇಳಿದಳು, "ಬಟ್ ಪಪ್ಪಾ, ವೇರ್ ಡು ಯು ಆ್ಯಕ್ಚುಅಲಿ ಲಿವ್?" ಅವಳು ಸುಮ್ಮನೆ ಕೇಳಿದ್ದು. ನಾನು ಬ್ರೆಡ್ಡಿಗೆ ಜಾಮ್ ಹಚ್ಚುತ್ತ ಹಚ್ಚುತ್ತ ಎರಡು ಬದಿಗೂ ಹಚ್ಚಿಬಿಟ್ಟೆ.

ಈ ದೇಶದಲ್ಲಿ ಹೋಗುವವರ ಸಾಮಾನು ಉಳಿದವರ ಪಾಲು. ನಾನು ಇಂದು ಕುಳಿತುಕೊಳ್ಳುವ ಕುರ್ಚಿ ಒಬ್ಬ ಲೆಬನಾನಿನವನದು, ಇಸ್ತ್ರಿಪೆಟ್ಟಿಗೆ ಒಬ್ಬ ಮಲಯಾಳಿಯದು. ಆಫೀಸಿನ ಬ್ರಿಟಿಷ್ ಇಂಜಿನಿಯರ್ ಕೆಲಸ ಬಿಟ್ಟು ಹೊರಟಾಗ, "ನನ್ನ ಕಾರವಾನ್ ಯಾರಿಗಾದರೂ ಬೇಕೆ?" ಎಂದು ಎಲ್ಲರಿಗೂ ಒಂದು ಮೇಲ್ ಹಾಕಿದ. ಒಳಗೆ ಹೋಗಿ ನೋಡಿದೆ. ಎರಡು ಹಾಸಿಗೆ, ಮಡಚುವ ಮೇಜು, ಎರಡು ಒಲೆ, ಬೀರುವಿನಷ್ಟೇ ಅಗಲದ ಒಂದು ಬಚ್ಚಲು. ಚಹಾದ ಕಪ್ಪು ತೂಗುಹಾಕಲು ಮೂರು ಕೊಕ್ಕೆ. ಮೂರೇ ಕೊಕ್ಕೆ! ನಾನು ಬೇರೇನನ್ನೂ ಪರೀಕ್ಷಿಸಲಿಲ್ಲ. ಕ್ರಿಸ್ಮಸ್ ರಜೆಗೆ ಅವರಿಬ್ಬರೂ ಬರುತ್ತಾರೆ, ಮರಳುಗಾಡಿನ ಅಂಚಿನಲ್ಲಿ ಇದನ್ನು ನಿಲ್ಲಿಸಿ, ಬಾಗಿಲು ತೆರೆದು, "ಇಗೋ ಮಗಾ, ಇಲ್ಲಿ" ಎಂದು ಹೇಳುತ್ತೇನೆ ಎಂದು ನಿಂತಲ್ಲೇ ತೀರ್ಮಾನ ಮಾಡಿದೆ.

ನಮ್ಮ ಮನೆಯಲ್ಲಿ ಪ್ರಾರ್ಥನೆ, ಪ್ರೀತಿ ಎಲ್ಲ ಕೊಂಕಣಿಯಲ್ಲಿ. ಜಗಳಕ್ಕೆ ಮಾತ್ರ ಕನ್ನಡ, ಏಕೆಂದರೆ ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಸುದ್ದಿ ಹೇಳಿದಾಗ ಗ್ರೆಟ್ಟಾ ನೇರ ಕನ್ನಡಕ್ಕೆ ಬಂದಳು. "ಅದೆಂತದ್ದು, ಮನೆಯಾ ಗಾಡಿಯಾ?"

"ಎರಡೂ."

"ಹಾಗಾದ್ರೆ ಎರಡೂ ಅಲ್ಲ ಅಂತ ಆಯ್ತು. ಮರ್ಲುಂಟಾ ಮಾರಾಯ್ರೆ ನಿಮಗೆ, ತಲೆ ಸರಿ ಉಂಟಾ?"

ಕಾರವಾನ್ ಕೊಂಡವನಿಗೆ ಮುಖ್ಯವಾಗಿ ಬೇಕಾದದ್ದು ಕಾರವಾನ್ ಅಲ್ಲ, ಅದರ ಸಾಮಾನು ಎಂದು ನನಗೆ ಬೇಗನೇ ತಿಳಿಯಿತು. ಇಂಟರ್ನೆಟ್ಟಿನಲ್ಲಿ ಇದಕ್ಕಾಗಿಯೇ ವಿಡಿಯೋ ಮಾಡುವ ವೃದ್ಧ ದಂಪತಿಗಳಿದ್ದಾರೆ. ಹೊಸಬರು ಕೊಳ್ಳಲೇಬೇಕಾದ ಹತ್ತು ವಸ್ತು ಎಂದು ಶುರುಮಾಡಿ ಮೂವತ್ತಕ್ಕೆ ನಿಲ್ಲಿಸುತ್ತಾರೆ. ನಾನು ಪ್ರತಿ ಶನಿವಾರ ಒಬ್ಬೊಬ್ಬ ಅಜ್ಜ ಹೇಳಿದ್ದನ್ನು ಶಿರಸಾವಹಿಸಿದೆ. ಚಕ್ರ ಜಾರದಂತೆ ಅಡ್ಡ ಕೊಡುವ ರಬ್ಬರ್ ತುಂಡು, ತಗ್ಗಿನ ಕಡೆಯ ಚಕ್ರವನ್ನು ಎತ್ತರಿಸುವ ಹಳದಿ ಹಲಗೆ, ನೆಲ ಸಮವಿದೆಯೇ ಎಂದು ನೋಡಲು ಗಾರೆಯವರು ಇಟ್ಟುಕೊಳ್ಳುವಂಥ ರಸಮಟ್ಟ, ಮರಳಿನಲ್ಲಿ ಜ್ಯಾಕ್ ಹುದುಗದಂತೆ ಅಡಿಗಿಡುವ ಅಗಲದ ತಟ್ಟೆ, ಕುಡಿಯುವ ನೀರಿಗೆ ಬಿಳಿ ಪೈಪು, ಕೊಳೆ ನೀರಿಗೆ ಬೇರೆ ಪೈಪು, ಕರೆಂಟು ಏರಿಳಿದರೆ ಫ್ರಿಜ್ ಸುಡದಂತೆ ಕಾಯುವ ಪೆಟ್ಟಿಗೆ, ಚಕ್ರದ ಗಾಳಿ ನೋಡುವ ಮೀಟರು. ಈ ಬಿಸಿಲಿನಲ್ಲಿ ಟೈರು ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ ಎಂದು ಯಾರೋ ಹೆದರಿಸಿದ್ದಕ್ಕೆ ಎರಡು ಹೊಸ ಟೈರು. ಕಾರವಾನು ಮುಸಫ್ಫಾದ ಆಚೆ ಒಂದು ಬಯಲಿನಲ್ಲಿ, ಬಾಡಿಗೆ ಜಾಗದಲ್ಲಿ, ಒಂದು ದೋಣಿಗೂ ಒಂದು ಚಾಯ್ ಅಂಗಡಿಯ ಗಾಡಿಗೂ ನಡುವೆ ನಿಂತಿತ್ತು. ಪ್ರತಿ ವಾರ ಹೋಗಿ ಒಂದು ಸಾಮಾನು ಜೋಡಿಸಿ, ಒಳಗೆ ಕುಳಿತು ಒಂದು ಚಹಾ ಕುಡಿದು, ಬಾಗಿಲಿಗೆ ಬೀಗ ಹಾಕಿ ಬರುವುದು. ಒಂದೇ ಒಂದು ದಿನ ಹೊರಗೆ ಒಯ್ದಿರಲಿಲ್ಲ.

ಬರ್ ದುಬೈಯಲ್ಲಿ ಪರದೆಯ ಬಟ್ಟೆ ಮಾರುವ ಹಮೀದ್ ನನ್ನ ಬಾಲ್ಯದ ಗೆಳೆಯ. ಕಿಟಕಿಗಳಿಗೆ ಪರದೆಯ ಅಳತೆ ತೆಗೆಯಲು ಬಂದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದ, "ಅಲ್ಲ ಫೆಲಿಕ್ಸ್, ಇದನ್ನು ನೀನು ಓಡಿಸ್ತೀಯಾ, ಇಲ್ಲ ಒಡವೆ ಹಾಕಿ ಕೂರಿಸ್ತೀಯಾ? ಖಲಾಸ್ ಮಾರಾಯ, ಇನ್ನು ಎಂತದೂ ತರ್ಬೇಡ. ಒಮ್ಮೆ ಹೊರಗೆ ತೆಗಿ."

ಹೊರಗೆ ತೆಗೆಯುವುದು ಸುಲಭ, ಹಿಂದಕ್ಕೆ ಹಾಕುವುದೇ ನನ್ನ ಕಷ್ಟ ಎಂದು ಅವನ ಬಳಿ ಹೇಗೆ ಹೇಳುವುದು? ಕಾರವಾನಿಗೆ ರಿವರ್ಸಿನಲ್ಲಿ ವಿಚಿತ್ರ ಬುದ್ಧಿ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಸರಿ, ಬಲಕ್ಕೆ ಎಂದರೆ ಮಡಚಿಕೊಂಡು ಅಡ್ಡ ನಿಲ್ಲುತ್ತದೆ. ಅದಕ್ಕೆ ಎಲ್ಲ ಅಜ್ಜಂದಿರೂ ಒಂದೇ ಮಾತು ಹೇಳುತ್ತಾರೆ: ಒಬ್ಬರು ಓಡಿಸಿ, ಒಬ್ಬರು ಹಿಂದೆ ನಿಂತು ಹೇಳಿ, ಒಂದು ಜೊತೆ ವಾಕಿ-ಟಾಕಿ ಇಟ್ಟುಕೊಳ್ಳಿ, ಸಂಸಾರ ಉಳಿಯುತ್ತದೆ. ನಾನು ಆಟಿಕೆ ಅಂಗಡಿಯಿಂದ ಒಂದು ಜೊತೆ ತಂದೆ. ಬಿಡಿಯಾಗಿ ಒಂದನ್ನೇ ಕೊಡುವುದಿಲ್ಲವಂತೆ, ಕೇಳಿ ನೋಡಿದ್ದೆ. ಕಾರವಾನಿನ ಒಂದು ಹಾಸಿಗೆಯಲ್ಲಿ ಕೂತು ಒಂದರಲ್ಲಿ "ಹಲೋ" ಎಂದೆ. ಎದುರಿನ ಹಾಸಿಗೆಯ ಮೇಲಿದ್ದ ಇನ್ನೊಂದು ನನ್ನದೇ ಧ್ವನಿಯಲ್ಲಿ "ಹಲೋ" ಎಂದಿತು. ಎರಡನ್ನೂ ಆರಿಸಿ ಡ್ರಾಯರಿಗೆ ಹಾಕಿದೆ. ಅವತ್ತು ಚಹಾ ಕುಡಿಯಲೂ ಮನಸ್ಸಾಗಲಿಲ್ಲ.

ಇಲ್ಲಿ ನಮ್ಮ ಲಿಗೋರಿ ಮಾವನ ವಿಷಯ ಹೇಳಬೇಕು. ಗ್ರೆಟ್ಟಾಳ ಅಪ್ಪ, ಈಗಿಲ್ಲ, ಪುತ್ತೂರು ಲೈನಿನ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್. ನಮ್ಮ ಕಡೆ ಯಾವ ಡ್ರೈವರೂ ಕನ್ನಡಿ ನಂಬಿ ಬಸ್ಸು ಹಿಂದಕ್ಕೆ ತೆಗೆಯುವುದಿಲ್ಲ. ಕಂಡಕ್ಟರ್ ಇಳಿದು ಹಿಂದೆ ಹೋಗಿ ತಗಡಿಗೆ ಎರಡು ಬಡಿದರೆ ಬರಬಹುದು, ಒಂದು ಬಡಿದರೆ ನಿಲ್ಲಬೇಕು. ರಜೆಯಲ್ಲಿ ಅಪ್ಪನ ಬಸ್ಸಿನಲ್ಲಿ ತಿರುಗಿ ಈ ವಿದ್ಯೆ ಗ್ರೆಟ್ಟಾಳ ಕೈಗೆ ಹತ್ತಿತ್ತು. ಇಲ್ಲಿ ನಮ್ಮ ಹಳೆಯ ಫ್ಲಾಟಿದ್ದ ಟವರಿನ ನೆಲಮಾಳಿಗೆಯಲ್ಲಿ ನಾನು ಕಾರು ನಿಲ್ಲಿಸುವಾಗಲೆಲ್ಲ, ನೈಟ್ ಡ್ಯೂಟಿ ಮುಗಿಸಿ ಎಷ್ಟೇ ಸುಸ್ತಾಗಿದ್ದರೂ, ಅವಳು ಇಳಿದು ಹಿಂದೆ ಹೋಗುವಳು. ಡಬ್ ಡಬ್. "ಬರ್ಲಿ, ಬರ್ಲಿ, ಬರ್ಲಿ." ಡಬ್. "ಹೋಲ್ಡಾನ್!" ಅಕ್ಕಪಕ್ಕದ ಲೆಬನಾನಿ, ಈಜಿಪ್ಟಿನವರು ನೋಡಿ ನಗುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು. "ಕಾರಿನಲ್ಲಿ ಕ್ಯಾಮೆರಾ ಉಂಟಲ್ಲ ಮಾರಾಯ್ತಿ, ನೀನು ಕೂತ್ಕೋ" ಎಂದು ಎಷ್ಟು ಸಲ ಗದರಿದ್ದೆನೋ. ಅವರಿಬ್ಬರನ್ನು ವಿಮಾನ ಹತ್ತಿಸಿ ಬಂದ ದಿನ ಅದೇ ನೆಲಮಾಳಿಗೆಯಲ್ಲಿ ರಿವರ್ಸ್ ಹಾಕಿ ಕಾಯುತ್ತ ಕುಳಿತೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಹಿಂದಿನವನು ಹಾರನ್ ಹೊಡೆದ ಮೇಲೆ ಎಚ್ಚರವಾಯಿತು.

ಹಮೀದನ ಮಾತಿಗೆ ಕಟ್ಟುಬಿದ್ದು ಒಂದು ಶನಿವಾರ ಕಾರವಾನನ್ನು ಬಯಲಿನೊಳಗೇ ಒಂದು ಸುತ್ತು ತಂದು, ಮತ್ತೆ ಅದರ ಜಾಗಕ್ಕೆ ಹಾಕಲು ಹೊರಟೆ. ಅಲ್ಲಿನ ಕಾವಲುಗಾರ, ಪೇಶಾವರದ ಗಡ್ಡದ ಹಿರಿಯ, ಸಹಾಯಕ್ಕೆ ನಿಂತ. "ಆನೇ ದೋ, ಆನೇ ದೋ" ಎಂದ, ಅವನ ಭಾಷೆಯ "ಬರ್ಲಿ, ಬರ್ಲಿ". ನಾನು ಬಂದೆ. ದೋಣಿಗೆ ತಾಗಿದ ಶಬ್ದ ಕೇಳಿದ ಮೇಲೂ ಅವನು ಅದೇ ರಾಗದಲ್ಲಿ "ಆನೇ ದೋ" ಎನ್ನುತ್ತಿದ್ದ, ಏಕೆಂದರೆ ಅವನು ನೋಡುತ್ತಿದ್ದದ್ದು ನನ್ನ ಮುಂದಿನ ಚಕ್ರವನ್ನು. ಕಾರವಾನಿನ ಹಿಂಬದಿ ಅಂಗೈಯಷ್ಟು ಒಳಗೆ ಹೋಯಿತು. ಮರುದಿನವೇ ನಾನು ಹಿಂದಕ್ಕೊಂದು ಕ್ಯಾಮೆರಾ ಹಾಕಿಸಿದೆ, ಬಹಳ ಒಳ್ಳೆಯದು, ಹಿಂದಿರುವುದನ್ನೆಲ್ಲ ತೋರಿಸುತ್ತದೆ. ತೋರಿಸುವುದಷ್ಟೆ. ಅದನ್ನು ನೋಡಿ ಏನು ಮಾಡಬೇಕೆಂದು ಹೇಳುವವರಿಲ್ಲ.

ಡಿಸೆಂಬರ್ ಶುರುವಿನಲ್ಲಿ ಗ್ರೆಟ್ಟಾ ಕೊಂಕಣಿಯಲ್ಲೇ, ಬಹಳ ಮೆಲ್ಲಗೆ ಮಾತಾಡಿದಳು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಶಾರಲ್‌ಗೆ ಪ್ರವೇಶ ಪರೀಕ್ಷೆಯ ಕ್ಲಾಸು ರಜೆಯಲ್ಲೂ ಇದೆಯಂತೆ, ಬರಲಾಗುವುದಿಲ್ಲವಂತೆ. ನಾನೇ ರಜೆ ಹಾಕಿ ಊರಿಗೆ ಹೋಗೋಣವೆಂದರೆ ಕಂಪನಿಯ ಹೊಸ ಟವರಿನ ನಕಾಶೆಗಳನ್ನು ಒಪ್ಪಿಸಬೇಕಾದದ್ದು ಅದೇ ವಾರ. "ಪರವಾಗಿಲ್ಲ, ಪರವಾಗಿಲ್ಲ" ಎಂದೆ. ಫೋನಿಟ್ಟು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಎರಡು ಸಾಲು ಕಪಾಟಿನ ನಡುವೆ ಅರ್ಧ ಗಂಟೆ ನಿಂತರೂ ಕೊಳ್ಳಲು ಏನೂ ಉಳಿದಿರಲಿಲ್ಲ. ಕೊನೆಗೆ ಬರಿಗೈಯಲ್ಲಿ ಬರಬಾರದೆಂದು ಒಂದು ಸುರುಳಿ ಬೂದು ಟೇಪು ತಂದೆ.

ಆ ಶನಿವಾರ ಬೆಳಿಗ್ಗೆ, ಸಿಟ್ಟೋ ದುಃಖವೋ ಸರಿಯಾಗಿ ಹೇಳಲಾರೆ, ಕಾರವಾನನ್ನು ಎಳೆದುಕೊಂಡು ಹೊರಟೇಬಿಟ್ಟೆ. ಊರು ದಾಟಿ ಮುಕ್ಕಾಲು ಗಂಟೆ ಹೋದರೆ ಮರಳುಗಾಡಿನ ಅಂಚಿನಲ್ಲಿ ಟೆಂಟು, ಕಾರವಾನು ನಿಲ್ಲಿಸಲು ಗುರುತು ಹಾಕಿದ ಜಾಗಗಳಿವೆ. ನನಗೆ ಸಿಕ್ಕಿದ್ದು ಎರಡು ಗಾಫ್ ಮರಗಳ ನಡುವಿನ ಜಾಗ. ಮೂರು ಸಲ ಹಿಂದಕ್ಕೆ ತೆಗೆದೆ, ಮೂರು ಸಲವೂ ಅದು ಬಾಲ ಬಿಚ್ಚಿತು. ಪಕ್ಕದಲ್ಲಿ ಬಿಡಾರ ಹೂಡಿದ್ದ ಒಂದು ಅರಬ್ ಕುಟುಂಬ ತಮ್ಮ ಕಾಫಿ, ಗಾವಾ, ಕುಡಿಯುತ್ತ ನನ್ನನ್ನೇ ನೋಡುತ್ತಿತ್ತು. ಸಹಾಯ ಕೇಳಬಹುದಿತ್ತು. ಕೇಳುವ ಬದಲು ಊರಿಗೆ ವಿಡಿಯೋ ಕರೆ ಮಾಡಿದೆ, ಅದೂ ಎಲ್ಲರೂ ಬಳಸುವ ಆ್ಯಪಿನ ಕರೆಗೆ ಇಲ್ಲಿ ತಡೆಯಿರುವುದರಿಂದ, ಈ ದೇಶದಲ್ಲಿ ನಡೆಯುವ ಬೇರೆಯೇ ಆ್ಯಪಿನಲ್ಲಿ.

"ಎಂತ ಈಗ? ನಾನು ಮೀನು ತೊಳೀತಾ ಇದ್ದೇನೆ" ಎಂದಳು ಗ್ರೆಟ್ಟಾ.

"ಹಿಂದೆ ಸ್ವಲ್ಪ ನೋಡ್ತೀಯಾ?" ಎಂದೆ.

ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಫೋನನ್ನು ಕಾರವಾನಿನ ಬೆನ್ನಿಗೆ ಬೂದು ಟೇಪಿನಿಂದ ಅಂಟಿಸಿದೆ. ಅದರ ಬಾಯಿಗೆ ಒಂದು ವಾಕಿ-ಟಾಕಿ ಹಿಡಿಸಿ, ಮಾತಾಡುವ ಗುಂಡಿ ಒತ್ತಿಯೇ ಇರುವ ಹಾಗೆ ಅದಕ್ಕೂ ಟೇಪು ಸುತ್ತಿದೆ. ಇನ್ನೊಂದನ್ನು ಸ್ಟೀರಿಂಗಿನ ಪಕ್ಕ ಇಟ್ಟುಕೊಂಡೆ. ಈ ವ್ಯವಸ್ಥೆಯಲ್ಲಿ ಅವಳು ಹೇಳಬಹುದು, ನಾನು ಉತ್ತರ ಕೊಡುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಇಷ್ಟು ಚೆನ್ನಾಗಿ ಏನೂ ನಡೆದಿಲ್ಲ.

"ಮರ ಕಾಣ್ತದೆ. ಎಡಕ್ಕೆ ಜಾಗ ಉಂಟು. ಬರ್ಲಿ..." ಎಂದಿತು ವಾಕಿ-ಟಾಕಿ. ಆಮೇಲೆ ಒಂದು ಕ್ಷಣ ಬಿಟ್ಟು, ಡಬ್ ಡಬ್! ನಾನು ಬೆಚ್ಚಿಬಿದ್ದೆ. ಮಂಗಳೂರಿನ ಅಡುಗೆಮನೆಯಲ್ಲಿ ಅವಳು ಅಕ್ಕಿಯ ಡಬ್ಬಕ್ಕೆ ಬಡಿಯುತ್ತಿದ್ದಳು. "ಬರ್ಲಿ, ಬರ್ಲಿ, ಬರ್ಲಿ..." ಕಣ್ಣು ಮಂಜಾಗಿ ಕನ್ನಡಿಯೂ ಕಾಣಲಿಲ್ಲ, ಕ್ಯಾಮೆರಾವೂ ಕಾಣಲಿಲ್ಲ. ಕೇಳಿದ್ದಕ್ಕೆ ತಕ್ಕಂತೆ ಬಂದೆ. ಡಬ್. "ಹೋಲ್ಡಾನ್!" ನಿಂತೆ. ಇಳಿದು ನೋಡಿದರೆ ನೂಲು ಹಿಡಿದಂತೆ ನಿಂತಿತ್ತು.

ಶಾರಲ್ ಕ್ಲಾಸಿಗೆ ಹೊರಟವಳು ಅಮ್ಮನ ಹೆಗಲ ಮೇಲಿಂದ ಇಣುಕಿದಳು. "ಪಪ್ಪಾ, ಇಸ್ ದಟ್ ದ ಹೌಸ್? ಶೋ ಮಿ ಇನ್‌ಸೈಡ್." ಟೇಪು ಬಿಡಿಸಿ ಫೋನನ್ನು ಒಳಗೆ ಒಯ್ದೆ. ಹಮೀದನ ನೀಲಿ ಪರದೆ, ಒಲೆ, ಕೊಕ್ಕೆಯಲ್ಲಿ ಮೂರು ಕಪ್ಪು, ಎಲ್ಲ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ವಿಚ್ ಬೆಡ್ ಇಸ್ ಮೈನ್?" ಎಂದಳು.

"ಕಿಟಕಿಯದ್ದು ಮಗಾ. ಅಮ್ಮ ನಿನ್ನ ಜೊತೆ."

"ಓಕೆ. ಡೋಂಟ್ ಕೀಪ್ ಯುವರ್ ಟೂಲ್ಸ್ ಆನ್ ಇಟ್." ಅದರ ಮೇಲೆ ಒಂದು ಪೆಟ್ಟಿಗೆ ಸ್ಪ್ಯಾನರು, ಎರಡು ಪೈಪು, ರಸಮಟ್ಟ ಇದ್ದವು. ಪರೀಕ್ಷೆ ಮುಗಿದ ಮೇಲೆ ಬರುತ್ತೇನೆಂದು ಅವಳು ಹೇಳಿದ್ದನ್ನು ಕೇಳುತ್ತಲೇ ಎಲ್ಲವನ್ನೂ ಎತ್ತಿ ನನ್ನ ಹಾಸಿಗೆಗೆ ಹಾಕಿದೆ.

ಅವಳು ಹೋದಳು. ಗ್ರೆಟ್ಟಾ, "ಇನ್ನು ಇಡ್ತೇನೆ, ಮೀನು ಹಾಳಾಗ್ತದೆ" ಎಂದಳು. ನಾನು ಫೋನು ಹಿಡಿದು ಹೊರಗೆ ಬಂದು, ಕಾರವಾನಿನ ಸುತ್ತ ಒಮ್ಮೆ ನಡೆದು, ಗಂಭೀರವಾಗಿ ಹೇಳಿದೆ, "ಸ್ವಲ್ಪ ವಾರೆ ಆಗಿದೆ ಅನ್ನಿಸ್ತದೆ. ಇನ್ನೊಮ್ಮೆ ತೆಗೀಬೇಕೇನೋ."

ಕಂಡಕ್ಟರನ ಮಗಳು, ನೆಟ್ಟಗೆ ನಿಂತದ್ದು ಯಾವುದು, ವಾರೆ ಯಾವುದು ಎಂದು ಅವಳಿಗೆ ಹೇಳಿಕೊಡಬೇಕೇ? ಆ ಕಡೆ ನಲ್ಲಿ ನಿಲ್ಲಿಸಿದ ಶಬ್ದ ಕೇಳಿಸಿತು. "ಟೇಪು ಉಂಟಲ್ಲ ಇನ್ನೂ?" ಎಂದಳು.

ಉಂಟು ಎಂದೆ. ಪಕ್ಕದ ಅರಬರು ಗಾವಾದ ಲೋಟ ಕೆಳಗಿಟ್ಟು ನೋಡುತ್ತಿರುವಾಗಲೇ, ನೂಲು ಹಿಡಿದಂತೆ ನಿಂತಿದ್ದ ಕಾರವಾನನ್ನು ನಾನು ಮತ್ತೆ ಮುಂದಕ್ಕೆ ತೆಗೆದೆ.