ಮೊದಲ ಫೀಸಿನ ಕವರು

ಬಂಗಾರಪೇಟೆಯಲ್ಲಿ ನಾನು ಜೂನಿಯರ್ ವಕೀಲೆಯಾಗಿ ಸೇರಿ ಎರಡು ವರ್ಷವಾಯಿತು. ಬೇರೆ ಆಫೀಸುಗಳಲ್ಲಿ ಕೇಸು ನಡೆಯುತ್ತವೆ. ನಮ್ಮಲ್ಲಿ ಕೇಸಿಗಿಂತ ಹೆಚ್ಚಾಗಿ ಇಂಥ ಪ್ರಸಂಗಗಳೇ ನಡೆಯುತ್ತವೆ.

ನನಗಿದ್ದ ಆಸೆ ಒಂದೇ. ಅಮ್ಮ ದಿನಾ ಕೆಜಿಎಫ್‌ನಿಂದ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳ ತಿಂಗಳ ಪಾಸನ್ನು ಒಂದು ಸಲ ನಾನು ತೆಗೆಸಬೇಕು. ಸೀನಿಯರ್ ಕೊಡುವ ದುಡ್ಡಿನಲ್ಲಿ ತೆಗೆಸುತ್ತೇನೆಂದರೆ ಅಮ್ಮ ಒಪ್ಪಳು. "ಅದು ಸಾರ್ ದುಡ್ಡು. ನಿನ್ನನ್ನೇ ಕೇಳ್ಕೊಂಡು ಯಾರಾದ್ರೂ ಬಂದು ಫೀಸು ಕೊಡ್ಲಿ, ಆಗ ತೆಗ್ಸು."

೧. ಡ್ರಾಯರು

ನಮ್ಮ ಸೀನಿಯರ್‌ದು ಒಂದೇ ಹಟ. ಖರ್ಚಿಗೆಂದು ಕಕ್ಷಿದಾರ ಕೊಟ್ಟ ದುಡ್ಡು ಅವನ ಹೆಸರು ಬರೆದ ಕವರಿನಲ್ಲೇ ಇರಬೇಕು. ಕೇಸು ಮುಗಿದಾಗ ಉಳಿದದ್ದು ವಾಪಸ್. ಯಾರ ದುಡ್ಡೆಂದು ಅನುಮಾನವಿದ್ದರೂ ಕವರಿಗೇ.

ಒಂದು ದಿನ ಟೀ ಅಂಗಡಿಯವನು ಬಾಕಿ ಕೇಳಲು ಬಂದ. ಡ್ರಾಯರು ತೆರೆದೇ ಇತ್ತು, ಒಳಗೆ ಹನ್ನೊಂದು ದಪ್ಪ ಕವರು. ಸೀನಿಯರ್ ಜೇಬು ತಡಕಾಡಿ, "ನಾಳೆ ಬಾರಪ್ಪ" ಅಂದರು.

"ಇಷ್ಟೊಂದು ಐತಲ್ಲ ಸಾರ್!"

"ಅದು ನಂದಲ್ಲಪ್ಪ, ಕಕ್ಷಿದಾರರದು."

"ನೀವು ಕುಡಿದಿದ್ದೂ ನಂದಲ್ಲ ಸಾರ್, ಹಾಲಿನೋನ್ದು. ಅವನು ಕೆಳಗೇ ನಿಂತವ್ನೆ!"

೨. ಪಾಲು

ನನ್ನನ್ನೇ ಕೇಳಿಕೊಂಡು ಬಂದ ಮೊದಲ ಕಕ್ಷಿದಾರಳು ಕಾಮಸಮುದ್ರದ ಕಡೆಯ ಒಬ್ಬ ಅಜ್ಜಿ. ಅವಳ ತಮ್ಮ ಅಪ್ಪನ ಜಮೀನಿನಲ್ಲಿ ಪಾಲು ಕೊಟ್ಟಿಲ್ಲ ಅನ್ನುವುದು ತಕರಾರು.

"ಗೆದ್ರೆ ಬಂದಿದ್ರಾಗೆ ಕಾಲು ಪಾಲು ನಿಂದು ಕಣವ್ವ."

ಈ ನಿಯಮವನ್ನು ನಾನು ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಕನ್ನಡದಲ್ಲಿ ಹೇಳುವಷ್ಟರಲ್ಲಿ ಬೆವರು ಬಂತು. "ವಕೀಲರು ಹಾಗೆ ಪಾಲು ತಗೋಬಾರದು ಅಜ್ಜಿ. ಫೀಸು ಮಾತ್ರ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಸೀನಿಯರ್ ಕಡೆ ತಿರುಗಿದಳು. "ಸಾಮೀ, ಪಾಲು ಬ್ಯಾಡ ಅಂತಾವ್ಳೆ. ಕೇಸು ಸೋಲೋದು ಇವ್ಳಿಗೆ ಆಗ್ಲೇ ಗೊತ್ತಾಗೋಗೈತೆ!"

೩. ರೈಲಿನ ತಾಲೀಮು

ಕೇಸೇನೋ ಸಿಕ್ಕಿತು, ಆದರೆ ಫೀಸು ಇಷ್ಟು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯವರೆಗೆ ನಾನೂ ಅಮ್ಮನೂ ಒಟ್ಟಿಗೆ. ಅಮ್ಮನೇ ಪಾಠಕ್ಕೆ ನಿಂತಳು. "ನಾನೇ ಕಕ್ಷಿದಾರಳು. ಕೇಳು ನೋಡೋಣ."

"ನನ್ನ ಫೀಸು... ಐದು ಸಾವಿರ."

"ಅಯ್ಯೋ ಮೇಡಂ, ಒಂಟಿ ಹೆಂಗ್ಸು ನಾನು. ಮಗಳನ್ನ ಲಾ ಓದಿಸಿದೀನಿ. ಅವಳಿಂದ ಇನ್ನೂ ಒಂದು ಪಾಸೂ ಹುಟ್ಟಿಲ್ಲ."

ಕೋರಮಂಡಲ್ ಸ್ಟೇಷನ್ನಿಗೆ ಎರಡು ಸಾವಿರಕ್ಕೆ ಇಳಿದೆ. ಬಂಗಾರಪೇಟೆಯಲ್ಲಿ ಇಳಿಯುವಾಗ ಕೇಸನ್ನು ಪುಕ್ಕಟೆ ಒಪ್ಪಿಕೊಂಡಿದ್ದೆ. ನಾನು ಬಿಟ್ಟ ಜಾಗದಲ್ಲಿ ಬೇರೆ ಯಾರೋ ಕೂತರು. ಅಮ್ಮ ಬಾಗಿಲ ಕಂಬಿ ಹಿಡಿದು ನಿಂತಳು. ಹಾಗೆ ನಿಂತೇ ಬೆಂಗಳೂರಿಗೆ ಹೋಗುತ್ತಾಳೆ. ಅವಳ ಸೆರಗು ಕಾಣದಾಗುವವರೆಗೆ ನೋಡೋಣವೆಂದು ನಿಂತಿದ್ದರೆ, ರೈಲು ಹೊರಟ ಸದ್ದಿನ ಮೇಲೆ ಅಮ್ಮನ ಕೂಗು ಬಂತು: "ಮೇಡಂ, ನನ್ ಬಸ್ ಚಾರ್ಜು?"

೪. ಹನ್ನೆರಡನೇ ಕವರು

ದಾವೆ ಹಾಕಿದ ದಿನ ಅಜ್ಜಿ ಎಲೆ ಅಡಿಕೆ ಜೊತೆ ಮಡಿಸಿದ ನೋಟುಗಳನ್ನು ನನ್ನ ಮೇಜಿನ ಮೇಲಿಟ್ಟು ಬಸ್ಸಿಗೆ ಓಡಿದಳು. ಎಲೆ ಜೊತೆ ಕೊಟ್ಟದ್ದಕ್ಕೆ ಆ ಕಡೆ ಬಾಯಿಬಿಟ್ಟು ಲೆಕ್ಕ ಹೇಳುವುದಿಲ್ಲ. ಫೀಸೋ, ಖರ್ಚಿಗೋ? ಆಮೇಲೆ ನಾಲ್ಕು ಸಲ ಅಜ್ಜಿ ಕೋರ್ಟಿಗೆ ಬಂದಳು. ಕೇಳಲೇಬೇಕೆಂದು ನಾಲ್ಕು ಸಲವೂ ಹತ್ತಿರ ಹೋಗಿ, "ಊಟ ಆಯ್ತಾ ಅಜ್ಜಿ?" ಎಂದು ಕೇಳಿ ಬಂದೆ. ಅನುಮಾನ ಇದ್ದದ್ದು ಕವರಿಗೆ ಹೋಯಿತು.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಅಜ್ಜಿಯ ತಮ್ಮ ಅವಳ ಪಾಲು ಕೊಟ್ಟ. ನಾನು ನಿಯಮದಂತೆ ಕವರನ್ನು ಅಜ್ಜಿಯ ಕೈಗಿಟ್ಟೆ. ಅಜ್ಜಿ ಕವರು ನೋಡಿದಳು, ನನ್ನನ್ನು ನೋಡಿದಳು, ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು.

ಮುಂದಿನ ವಾರ ನಮ್ಮ ಮೆಟ್ಟಿಲ ಮೇಲೆ ಅಜ್ಜಿಯ ಊರಿನ ಆರು ಜನ. ಎಲ್ಲರೂ ಸೀನಿಯರ್‌ರ ಹಳೇ ಕಕ್ಷಿದಾರರು.

"ನಮ್ ಫೀಜೂ ವಾಪಸ್ ಕೊಡಿ ಸಾರ್. ಈ ಆಪೀಸ್ನಾಗೆ ಕೇಸು ಮುಗುದ್ರೆ ಕೊಡ್ತಾರಂತಲ್ಲ!"

ಸೀನಿಯರ್ ನನ್ನ ಕಡೆ ತಿರುಗಿದರು. ನಾನು ಡ್ರಾಯರಿನ ಕಡೆ ತಿರುಗಿದೆ. "ಅಜ್ಜಿ ಕೊಟ್ಟಿದ್ದು... ಫೀಸಾ?"

"ಇನ್ನೇನವ್ವ! ನೀನು ಬ್ಯಾಡ ಅಂದ್ಯಂತೆ. ಆ ದುಡ್ನಾಗೆ ಮೇಕೆ ತಗೊಂಡವ್ಳೆ. ಅದ್ಕೆ ಲಾಯರಮ್ಮ ಅಂತ್ಲೇ ಎಸ್ರು ಇಕ್ಕವ್ಳೆ."

ಅಮ್ಮ ಅವತ್ತು ಬೆಳಿಗ್ಗೆಯಷ್ಟೇ ಕ್ಯೂನಲ್ಲಿ ನಿಂತು ತನ್ನ ಪಾಸು ತಾನೇ ಮಾಡಿಸಿಕೊಂಡಿದ್ದಳು. ನನ್ನ ಮೊದಲ ಫೀಸು ಕಾಮಸಮುದ್ರದ ಕಡೆ ಎಲ್ಲೋ ಸೊಪ್ಪು ಮೇಯುತ್ತಿತ್ತು.

ಆರು ಜನರನ್ನೂ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಯವನು ಮೆಟ್ಟಿಲ ಮೇಲೆ ನಿಂತು ತಿರುಗಿದ. "ಮರ್ತೇ ಓಗಿದ್ದೆ ಲಾಯರಮ್ಮ. ಮೇಕೆ ಈದ್ರೆ ಒಂದು ಮರಿ ನಿಂಗೇ ಅಂತ ಅಜ್ಜಿ ಏಳ್ಕಳ್ಸವ್ಳೆ."

ಒಂದು ಮರಿಗೆ ಎಷ್ಟು ತಿಂಗಳ ಪಾಸು ಬಂದೀತೆಂದು ನಾನು ಲೆಕ್ಕ ಶುರುಮಾಡಿದ್ದೆನಷ್ಟೇ. ಒಳಗಿನಿಂದ ಸೀನಿಯರ್ ಕೂಗಿದರು:

"ಪಾಲು ತಗೊಳ್ಳೋ ಹಾಗಿಲ್ಲ!"