ನಾಲ್ಕು ಗಂಟೆಯ ಮಳೆಯೂ ನರಹರಿಯ ಲೋಹಶೋಧವೂ

ಮಲೇಷ್ಯಾದಲ್ಲಿ ಋತುಗಳೇ ಇಲ್ಲ ಎಂಬುದು ನರಹರಿಯ ದೂರು. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ತಿಂಗಳು ಬಿಸಿಲು, ಇಷ್ಟು ತಿಂಗಳು ಮಳೆ, ಆಮೇಲೆ ಸ್ವೆಟರು ಹೊರಗೆ ತೆಗೆಯುವಷ್ಟು ಚಳಿ ಎಂಬ ಒಂದು ಅಂದಾಜು ಇರುತ್ತದೆ. ಅವನೀಗ ಇರುವ ಪುಚೊಂಗ್‌ನಲ್ಲಿ ಆ ಅಂದಾಜಿಗೆ ಬೆಲೆಯಿಲ್ಲ. ಬೆಳಿಗ್ಗೆ ಬೇಸಿಗೆ, ಮಧ್ಯಾಹ್ನ ಮೋಡ, ನಾಲ್ಕು ಗಂಟೆಗೆ ಮಳೆಗಾಲ, ಆರು ಗಂಟೆಗೆ ಮತ್ತೆ ಸೆಕೆ. ವರ್ಷವಿಡೀ ನಡೆಯಬೇಕಾದ್ದನ್ನು ಇಲ್ಲಿ ದಿನಾ ಒಂದು ಸಲ ಮುಗಿಸಿಬಿಡುತ್ತಾರೆ. ಹನ್ನೊಂದು ವರ್ಷ ಅವನು ಈ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯ ಏಸಿಯೊಳಗೆ ಕೂತವನಿಗೆ ಯಾವ ಋತುವಾದರೇನು. ಆದರೆ ಎರಡು ಸಾವಿರದ ಇಪ್ಪತ್ತೊಂದರಲ್ಲಿ, ದೇಶಕ್ಕೆ ದೇಶವೇ ಮತ್ತೆ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ, ಅವನ ಮನೆಗೆ ಒಂದು ಮೆಟಲ್ ಡಿಟೆಕ್ಟರ್ ಬಂತು. ಅಂದಿನಿಂದ ಅವನಿಗೂ ಆಕಾಶಕ್ಕೂ ಆಗಿಬರಲಿಲ್ಲ.

ಡಿಟೆಕ್ಟರ್ ಎಂದರೆ ಒಂದು ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಒಂದು ಚಕ್ರ, ಹಿಡಿಯ ಹತ್ತಿರ ಒಂದು ಪುಟ್ಟ ಪರದೆ. ನೆಲದ ಮೇಲೆ ಅತ್ತಿತ್ತ ಆಡಿಸುತ್ತ ಹೋದರೆ, ಒಳಗೆ ಲೋಹವಿದ್ದಲ್ಲಿ ಬೀಪ್ ಎನ್ನುತ್ತದೆ. ಇದು ಯಾಕೆ ಎಂದು ಹೆಂಡತಿ ಭಾನುಮತಿ ಕೇಳಿದ್ದಕ್ಕೆ, ಶುಗರ್ ಇರುವವರು ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಸುಮ್ಮನೆ ನಡೆಯಲು ಬೇಜಾರು, ಒಂದು ಹವ್ಯಾಸವಿರಲಿ ಅಂತ ತರಿಸಿದೆ ಎಂದ. (ಡಾಕ್ಟರು ಹೇಳಿದ್ದು ನಿಜ. ಹೇಳಿ ನಾಲ್ಕು ವರ್ಷವಾಗಿತ್ತು.)

ಅಸಲು ಕಾರಣ ಪೋರ್ಟ್ ಡಿಕ್ಸನ್‌ನ ಮರಳಿನಲ್ಲಿತ್ತು. ಹಿಂದಿನ ಡಿಸೆಂಬರ್‌ನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗಲು ಕೆಲವು ವಾರ ಬಿಟ್ಟಿದ್ದರು. ಆಗ ಗಂಡ, ಹೆಂಡತಿ, ಹದಿನಾರರ ಮಗಳು ಅನನ್ಯ, ಮೂವರೂ ಪುಳಿಯೋಗರೆ ಕಟ್ಟಿಕೊಂಡು ಆ ಕಡಲತೀರಕ್ಕೆ ಹೋಗಿದ್ದರು. ಮೊಸರನ್ನವನ್ನು ಮನೆಯಲ್ಲೇ ಕಲೆಸಿ ತಂದರೆ ಹುಳಿಯಾಗುತ್ತದೆ, ಕೂತ ಜಾಗದಲ್ಲೇ ಕೈಯಿಂದ ಕಲೆಸಬೇಕು ಎಂಬುದು ಭಾನುಮತಿಯ ಸಿದ್ಧಾಂತ. ಕಲೆಸುವ ಮುಂಚೆ ಅವಳು ಬೆರಳಲ್ಲಿದ್ದ ವಂಕಿ ಉಂಗುರ ತೆಗೆದು ಗಂಡನ ಕೈಗೆ ಕೊಟ್ಟಳು. ಅವನು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಮೂರು ಸಲ ಮೊಸರನ್ನ ಹಾಕಿಸಿಕೊಂಡು ಗಾಳಿಮರದ ಕೆಳಗೆ ಚಾಪೆಯ ಮೇಲೆ ನಿದ್ದೆ ಹೋದ, ಎದ್ದು ಮಗಳ ಜೊತೆ ನೀರಿಗಿಳಿದು ಕುಣಿದ. ವಾಪಸು ಬರುವಾಗ ಕಾರಿನಲ್ಲಿ ಭಾನುಮತಿ ಉಂಗುರ ಎಲ್ಲಿ ಎಂದಳು. ನರಹರಿ ಜೇಬು ಮುಟ್ಟಿ ನೋಡಿಕೊಂಡ. ಜೇಬಿನಲ್ಲಿ ಮರಳಿತ್ತು, ಉಂಗುರವಿರಲಿಲ್ಲ.

"ಜೋಪಾನವಾಗಿದೆ," ಎಂದುಬಿಟ್ಟ.

ಬೇರೆ ಉಂಗುರವಾಗಿದ್ದರೆ ಅಲ್ಲೇ ಕಾರು ತಿರುಗಿಸಿ ನಿಜ ಹೇಳುತ್ತಿದ್ದನೋ ಏನೋ. ಅದು ಅವಳ ಅಮ್ಮನದು. ನಲವತ್ತು ವರ್ಷ ಅವರ ಬೆರಳಲ್ಲಿದ್ದು, ಮದುವೆಯ ದಿನ ಮಗಳ ಬೆರಳಿಗೆ ಬಂದದ್ದು. ಅಮ್ಮ ಅದೇ ವರ್ಷ ಮೈಸೂರಿನಲ್ಲಿ ತೀರಿಕೊಂಡಿದ್ದರು. ವಿಮಾನಗಳೆಲ್ಲ ನಿಂತಿದ್ದ ಕಾಲ. ಭಾನುಮತಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅದರ ಮುಂದೆ ಕೂತು ಅಮ್ಮನ ಕಾರ್ಯವನ್ನೆಲ್ಲ ನೋಡಿದ್ದಳು. ಅಂಥವಳಿಗೆ ನಿನ್ನಮ್ಮನ ಉಂಗುರ ಮರಳುಪಾಲಾಯಿತು ಎಂದು ಹೇಳುವ ಧೈರ್ಯ ನರಹರಿಗೆ ಬರಲಿಲ್ಲ, ಪಾಪ. ಗುಟ್ಟಾಗಿ ಹೋಗಿ ಹುಡುಕಿ ತಂದರೆ ಹೇಳುವ ಪ್ರಮೇಯವೇ ಇರುವುದಿಲ್ಲವಲ್ಲ ಎಂದು ಡಿಟೆಕ್ಟರ್ ತರಿಸಿದ. ಅದು ಮನೆಗೆ ಬಂದ ಮರುದಿನವೇ ಸರ್ಕಾರ ರಾಜ್ಯಗಳ ಗಡಿ ಮುಚ್ಚಿತು. ಉಂಗುರ ಒಂದು ರಾಜ್ಯದಲ್ಲಿ ಉಳಿಯಿತು, ಯಂತ್ರ ಹಿಡಿದ ನರಹರಿ ಇನ್ನೊಂದರಲ್ಲಿ.

ಗಡಿ ತೆರೆಯುವವರೆಗೆ ಅಭ್ಯಾಸವಾದರೂ ಆಗಲಿ ಎಂದು ಅವನು ಮನೆಯ ಹಿಂದಿನ ಬಯಲಿಗೆ ಇಳಿದ. ಲೋಹಶೋಧಕ್ಕೆ ಹವಾಮಾನವೇ ಮುಖ್ಯ ಎಂದು ಯೂಟ್ಯೂಬಿನ ಗುರುಗಳೆಲ್ಲ ಒಕ್ಕೊರಲಿನಿಂದ ಹೇಳಿದ್ದರು. ಒಣಗಿದ ನೆಲದಲ್ಲಿ ಯಂತ್ರದ ಕಣ್ಣು ಆಳಕ್ಕೆ ಹೋಗುವುದಿಲ್ಲ, ಮಳೆ ಬಿದ್ದು ನೆಲ ಹದವಾದ ಮೇಲೆ ಹುಡುಕಬೇಕು. ಕಡಲತೀರದಲ್ಲಿ ಬಿರುಗಾಳಿಯಾದ ಮರುದಿನ ಹುಡುಕಬೇಕು, ಅಲೆಗಳು ಮೇಲಿನ ಮರಳನ್ನು ಕೊಚ್ಚಿಕೊಂಡು ಹೋಗಿ ಹೂತದ್ದೆಲ್ಲ ಮೇಲೆ ಬರುತ್ತದೆ. ಹಾಗಾದರೆ ಮಳೆ ಯಾವಾಗ ಎಂದು ಮೊದಲು ತಿಳಿಯಬೇಕು. ಇಲ್ಲಿ ನಮ್ಮ ನರಹರಿ ಮೈಸೂರಿನವನು ಮಾತ್ರ ಮಾಡಬಹುದಾದ ಕೆಲಸ ಮಾಡಿದ. ಪಂಚಾಂಗ ತೆಗೆದ.

ಯುಗಾದಿಗೆಂದು ಭಾವಮೈದುನ ವಾಟ್ಸಾಪಿನಲ್ಲಿ ಕಳಿಸಿದ ಪಂಚಾಂಗದಲ್ಲಿ ಮಳೆ ನಕ್ಷತ್ರಗಳ ಪಟ್ಟಿಯಿತ್ತು. ಭರಣಿ ಯಾವಾಗ, ಕೃತ್ತಿಕೆ ಯಾವಾಗ, ರೋಹಿಣಿ ಯಾವಾಗ, ಯಾವುದು ಅಲ್ಪ, ಯಾವುದು ಸಾಮಾನ್ಯ, ಯಾವುದು ಉತ್ತಮ ವೃಷ್ಟಿ. ಅದನ್ನು ಆಫೀಸಿನ ಪ್ರಾಜೆಕ್ಟ್ ಪ್ಲಾನಿನಂತೆ ಬಣ್ಣ ಹಚ್ಚಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಉತ್ತಮ ವೃಷ್ಟಿಯ ದಿನಗಳಿಗೆ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದ. ಮಗಳು ಅನನ್ಯ ಫ್ರಿಜ್ಜಿನಿಂದ ಹಾಲು ತೆಗೆಯಲು ಬಂದವಳು ಅದನ್ನು ಓದಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಾತಿನ ಕೊನೆಗೆ 'ಲಾ' ಸೇರಿಸುವ ಮಲೇಷ್ಯಾದ ಇಂಗ್ಲಿಷಿನಲ್ಲಿ ಬರುತ್ತದೆ.

"ಅಪ್ಪಾ, ದಿಸ್ ಈಸ್ ಮಲೇಷ್ಯಾ ಲಾ. ಇಟ್ ರೇನ್ಸ್ ಅಟ್ ಫೋರ್."

"ನಕ್ಷತ್ರ ಎಲ್ಲಾ ಕಡೆ ಒಂದೇ ಕಣೇ," ಎಂದ ನರಹರಿ.

ನಕ್ಷತ್ರ ಒಂದೇ ಇದ್ದಿರಬಹುದು, ಮೋಡ ಬೇರೆಯಾಗಿತ್ತು. ಭರಣಿಯ ಮೊದಲ ದಿನ ಎರಡು ಗಂಟೆಗೆ ರೇನ್‌ಕೋಟು, ಬೂಟು ತೊಟ್ಟು ಬಯಲಿನಲ್ಲಿ ನಿಂತ. ಬಿಸಿಲು ತಲೆಯ ಮೇಲೆ ಕೂತು ಹಪ್ಪಳ ಕಾಯಿಸಿತು. ಹತ್ತಿರ ಹತ್ತಿರ ಎರಡು ಗಂಟೆ ಹೊತ್ತು ಬೆಂದು, ಇವತ್ತು ಮಳೆಯಿಲ್ಲ ಎಂದು ತೀರ್ಮಾನಿಸಿ, ರೇನ್‌ಕೋಟು ಬಿಚ್ಚಿ ಮಡಚಿದ. ಆಗ ಗಂಟೆ ನಾಲ್ಕಾಯಿತು. ಆ ಮಳೆಗೆ ಜೊತೆಗೆ ತಂದಿದ್ದ ಕೊಡೆಯ ಕಡ್ಡಿಗಳೇ ಮುರಿದವು. ಕೈಯಲ್ಲಿ ಲೋಹದ ಕೋಲು, ಮೇಲೆ ಗುಡುಗು ಸಿಡಿಲು. ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸಿನವನೊಬ್ಬ ನಿಂತು, ಮಾಸ್ಕ್ ಸರಿಮಾಡಿಕೊಂಡು, ಅಂಕಲ್ ಕೊರೋನಾದಿಂದ ಉಳಿದು ಸಿಡಿಲಿಗೆ ಹೋಗಬೇಡಿ ಎಂದು ಮಲಯ ಭಾಷೆಯಲ್ಲಿ ಬುದ್ಧಿ ಹೇಳಿ ಮನೆಗೆ ಅಟ್ಟಿದ.

ಆರು ಗಂಟೆಗೆ ಮಳೆ ನಿಂತ ಮೇಲೆ ಹೋದರೆ ಬೇರೆ ಫಜೀತಿ. ಪುಚೊಂಗ್ ಸುತ್ತಮುತ್ತ ಒಂದು ಕಾಲಕ್ಕೆ ತವರದ ಗಣಿಗಳಿದ್ದವು. ಒಣಗಿದ್ದಾಗ ಆ ನೆಲ ಸುಮ್ಮನಿರುತ್ತಿತ್ತು, ಮಳೆ ಬಿದ್ದರೆ ಪ್ರತಿ ಹೆಜ್ಜೆಗೂ ಯಂತ್ರ ಬೊಬ್ಬೆ ಹೊಡೆಯುತ್ತಿತ್ತು. ಗಣಿಯ ಮಣ್ಣಿನದೇ ಕಾಟ ಎಂದು ನರಹರಿಯ ಅನುಮಾನ. ಯಾವ ಬೀಪ್ ಮಣ್ಣಿನದು, ಯಾವುದು ಲೋಹದ್ದು ಎಂದು ತಿಳಿಯಲು ಪ್ರತಿಯೊಂದನ್ನೂ ಅಗೆಯಬೇಕು. ಅಗೆದರೆ ಸಿಕ್ಕಿದ್ದು ಸೋಡಾ ಡಬ್ಬಿಯ ಮುಚ್ಚಳ, ಮೊಳೆ, ತುಕ್ಕು ಹಿಡಿದ ಸೈಕಲ್ ಚೈನು, ಒಮ್ಮೆ ಯಾರದೋ ಸ್ಟೀಲಿನ ಸೌಟು. ಸೊಳ್ಳೆಗಳು ಮಾತ್ರ ಹುಡುಕದೆಯೇ ಸಿಗುತ್ತಿದ್ದವು. ಸೌಟನ್ನು ಭಾನುಮತಿ ಹುಣಸೆಹಣ್ಣು ಹಾಕಿ ಬೆಳಗಿ ಸಾರಿಗೆ ಹಾಕಿಕೊಂಡಳು. ಒಂಬತ್ತು ತಿಂಗಳ ಲೋಹಾನ್ವೇಷಣೆಯಲ್ಲಿ ಸಂಸಾರಕ್ಕೆ ಉಪಯೋಗವಾದದ್ದು ಅದೊಂದೇ.

ಇಷ್ಟನ್ನೆಲ್ಲ ಅವನು ನಗುನಗುತ್ತಾ ಸಹಿಸುತ್ತಿದ್ದ, ಹಬ್ಬಗಳಿರದಿದ್ದರೆ. ಹಬ್ಬ ಬಂದರೆ ಸಾಕು, ಭಾನುಮತಿ ಹೋಳಿಗೆಯನ್ನೋ ಪಾಯಸವನ್ನೋ ಎಲೆಗೆ ಬಡಿಸುತ್ತ, ಅಮ್ಮನ ಉಂಗುರ ಎಲ್ಲಿಟ್ಟಿದ್ದೀರಿ ಎಂದು ಮೆತ್ತಗೆ ಕೇಳುತ್ತಿದ್ದಳು. ಸಂಕ್ರಾಂತಿಗೆ ಕೇಳಿದಳು, ಜೋಪಾನವಾಗಿದೆ ಎಂದ. ಯುಗಾದಿಗೆ ಕೇಳಿದಳು, ಜೋಪಾನವಾಗಿದೆ ಎಂದ. ವರಮಹಾಲಕ್ಷ್ಮಿಗೆ ಕೇಳಿದಾಗ ಅವನಿಗೆ ತಲೆಯೆತ್ತುವ ಧೈರ್ಯವೇ ಆಗಲಿಲ್ಲ. ಫೋನಿನಲ್ಲಿ ನಾಳೆಯ ಮೋಡ ನೋಡುವವನಂತೆ ನಟಿಸುತ್ತ, ತುಂಬಾ ಜೋಪಾನವಾಗಿದೆ ಎಂದ. ಅವಳು ಒಂದು ದಿನವೂ ಸಿಟ್ಟಾಗಲಿಲ್ಲ, ಎರಡನೆಯ ಪ್ರಶ್ನೆ ಹಾಕಲಿಲ್ಲ. ಅವಳ ಆ ನಂಬಿಕೆಯೇ ಅವನನ್ನು ತಿನ್ನುತ್ತಿತ್ತು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಅಕ್ಟೋಬರ್‌ನಲ್ಲಿ, ಎರಡು ಲಸಿಕೆ ಹಾಕಿಸಿಕೊಂಡವರಿಗೆ ಗಡಿ ತೆರೆಯಿತು. ವಿಜಯದಶಮಿ ಕಳೆದ ಮರುದಿನ ಶನಿವಾರ. ಹಿಂದಿನ ಸಂಜೆ ಪೋರ್ಟ್ ಡಿಕ್ಸನ್ ಕಡೆ ಭಾರೀ ಗಾಳಿಮಳೆಯಾಗಿದೆ ಎಂದು ಫೋನು ಹೇಳಿತು. ನರಹರಿ ಇಂಥ ದಿನಕ್ಕೇ ತಪಸ್ಸು ಮಾಡುತ್ತಿದ್ದದ್ದು. ಒಬ್ಬನೇ ಹೋಗಿಬರುತ್ತೇನೆ ಎಂದರೆ ಅಮ್ಮ ಮಗಳು ಒಪ್ಪಲಿಲ್ಲ, ಒಂದು ವರ್ಷದಿಂದ ನಾವೂ ಗೋಡೆ ನೋಡಿಕೊಂಡೇ ಕೂತಿದ್ದೇವೆ ಎಂದು ಮುಂಚೆಯೇ ಹೋಗಿ ಕಾರಿನಲ್ಲಿ ಕೂತರು.

ಹೋಗಿ ನೋಡಿದರೆ ಗುರುಗಳು ಹೇಳಿದ್ದು ಅಕ್ಷರಶಃ ನಿಜ. ಅಲೆಗಳು ಮರಳನ್ನು ಮೊಣಕಾಲಾಳ ಕೆತ್ತಿಕೊಂಡು ಹೋಗಿದ್ದವು. ಇಳಿತದ ಸಮಯ, ಮೋಡ ಕವಿದ ತಂಪು. ಅಂದು ಕೂತಿದ್ದ ಗಾಳಿಮರವನ್ನು ಗುರುತು ಹಿಡಿದು, ಅಲ್ಲಿಂದ ನೀರಿನವರೆಗೆ ಗೆರೆ ಎಳೆದಂತೆ ಹುಡುಕಿದ. ಒಣ ಮರಳಿನಲ್ಲಿ ಎರಡು ನಾಣ್ಯ, ಒಂದು ಕನ್ನಡಕದ ಕಡ್ಡಿ ಸಿಕ್ಕವು. ನೀರಿನ ಅಂಚಿಗೆ ಹೋದರೆ ಉಪ್ಪುನೀರನ್ನೇ ಲೋಹವೆಂದು ತಿಳಿದು ಯಂತ್ರ ನಿಲ್ಲಿಸದೆ ಅರಚಿತು. ಬೀಪ್ ಎಂದಾಗಲೆಲ್ಲ ಅವನ ಎದೆ ಹಾರುತ್ತಿತ್ತು, ಅಗೆದಾಗಲೆಲ್ಲ ಕುಸಿಯುತ್ತಿತ್ತು. ಐದು ಗಂಟೆ ಹೊತ್ತು ಬಗ್ಗಿ ಎದ್ದು, ಬಗ್ಗಿ ಎದ್ದು, ಕೊನೆಗೆ ಸೊಂಟವೂ ಬೀಪ್ ಎನ್ನತೊಡಗಿತು. ನಾಲ್ಕು ಗಂಟೆಯಾಯಿತು. ಪೋರ್ಟ್ ಡಿಕ್ಸನ್‌ನ ಮೋಡಗಳೂ ಗಡಿಯಾರ ನೋಡಿಕೊಂಡೇ ಇದ್ದವು.

ತೊಯ್ದು ತೊಪ್ಪೆಯಾಗಿ ಅವನು ತೀರದ ಹುಲ್ಲಿನ ಮಾಡಿನ ಕೆಳಗೆ ಓಡಿಬಂದ. ಯಂತ್ರವನ್ನು ಬೆಂಚಿನ ಮೇಲೆ ಮಲಗಿಸಿ ತಾನೂ ಪಕ್ಕದಲ್ಲಿ ಕುಸಿದ. ಭಾನುಮತಿ ಟವೆಲು ಹಿಡಿದು ನಿಂತಿದ್ದಳು. ಎದುರಿಗೆ ಸಮುದ್ರ, ಮಳೆ, ಮರಳು ಎಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು. ಇನ್ನು ಉಂಗುರ ಸಿಗುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಇವಳ ಮುಖ ನೋಡಿ ಇನ್ನೊಂದು ಹಬ್ಬಕ್ಕೆ ಸುಳ್ಳು ಹೇಳಲು ತನ್ನ ಕೈಲಾಗುವುದಿಲ್ಲ ಎಂಬುದೂ ಖಚಿತವಾಯಿತು.

"ಭಾನು, ಅಮ್ಮನ ಉಂಗುರ ಇಲ್ಲೇ ಕಳ್ಕೊಂಡೆ," ಎಂದ. "ಹೋದ ಡಿಸೆಂಬರ್‌ನಲ್ಲೇ. ಹೇಳೋಕೆ ಆಗ್ಲಿಲ್ಲ ಕಣೆ."

ಅವಳು ಹತ್ತಿರ ಬಂದು ಅವನ ತಲೆ ಒರೆಸತೊಡಗಿದಳು. ಅವಳ ಕೈ ಬೆಂಚಿನ ಕಡೆ ಬಂದಾಗಲೆಲ್ಲ, ಆರಿಸಲು ಮರೆತಿದ್ದ ಯಂತ್ರ ಬೀಪ್ ಎಂದಿತು. ಒಂಬತ್ತು ತಿಂಗಳ ಪರಿಣತಿ ಸುಮ್ಮನಿರುತ್ತದೆಯೇ. ಆ ದುಃಖದಲ್ಲೂ ನರಹರಿ ತಜ್ಞನಾಗಿ ನುಡಿದ.

"ಕೈ ದೂರ ಇಟ್ಕೋ, ಬಳೆಗೆ ಬಡ್ಕೊಳ್ತಿದೆ."

"ಗಾಜಿನ ಬಳೆ ರೀ," ಎಂದಳು ಭಾನುಮತಿ.

ಆಗ ಅವನು ಆ ಕೈ ನೋಡಿದ. ಉಂಗುರದ ಬೆರಳಿನಲ್ಲಿ ವಂಕಿ ಇತ್ತು. ಅದೇ ವಂಕಿ, ನಡುವೆ ಅದೇ ಕೆಂಪು ಹರಳು. ಬೆರಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಯಂತ್ರ ಸಂತೋಷದಿಂದ ಬೀಪ್ ಬೀಪ್ ಎನ್ನುತ್ತಲೇ ಇತ್ತು. ಅನನ್ಯ ಬಂದು ಅದರ ಬಾಯಿ ಮುಚ್ಚಿಸಿದಳು.

ಕಥೆ ಇಷ್ಟೇ. ಅಂದು ಅವನು ಗಾಳಿಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದಾಗ ಉಂಗುರ ಜೇಬಿನಿಂದ ಜಾರಿ ಬೀಳುವುದರಲ್ಲಿತ್ತು, ಭಾನುಮತಿ ತೆಗೆದಿಟ್ಟುಕೊಂಡಿದ್ದಳು. ಕಾರಿನಲ್ಲಿ ಕೇಳಿದ್ದು ತಮಾಷೆಗೆ. ಕಳೆದುಹೋಯಿತು ಎಂದು ಅವನು ಗಾಬರಿಯಾದರೆ ತೋರಿಸೋಣವೆಂದಿದ್ದಳು. ಅವನು ಜೋಪಾನವಾಗಿದೆ ಎಂದ.

"ಅದೇನು ಸುಳ್ಳಲ್ಲ ಬಿಡಿ, ಜೋಪಾನವಾಗೇ ಇತ್ತು," ಎಂದಳು. "ಯುಗಾದಿಯಿಂದ ಬೆರಳಲ್ಲೇ ಹಾಕ್ಕೊಂಡಿದೀನಿ. ಇದೇ ಕೈಯಲ್ಲಿ ಬಡಿಸಿದೀನಿ. ನೀವು ಒಂದೋ ನೆಲ ನೋಡ್ತಿದ್ರಿ, ಇಲ್ಲಾ ಮೋಡ ನೋಡ್ತಿದ್ರಿ."

ನರಹರಿಗೆ ನಾಚಿಕೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಹೇಳಬಹುದಿತ್ತಲ್ಲ ಎಂದ. ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತಂತೆ. ಆದರೆ ಗಂಡ ದಿನಾ ಬಯಲಿಗೆ ಹೋಗತೊಡಗಿದ ಮೇಲೆ ಅವನ ಶುಗರ್ ಇಳಿಯಿತು, ಬೆಲ್ಟು ಎರಡು ತೂತು ಒಳಗೆ ಹೋಯಿತು, ಮನೆಯಲ್ಲಿ ಸಂಜೆ ಒಂದು ಗಂಟೆ ಅವನ ಮೀಟಿಂಗಿನ ಗಲಾಟೆಯಿಲ್ಲದೆ ಅವಳಿಗೂ ಉಸಿರಾಡಲು ಆಯಿತು. ಇಷ್ಟು ಹೇಳಿ ಅವಳು ಟವೆಲು ಹಿಂಡಿದಳು. ಆಮೇಲೆ ಹೇಳಿದ್ದನ್ನು ಮಳೆಯ ಕಡೆ ನೋಡುತ್ತ ಹೇಳಿದಳು.

"ಅಮ್ಮ ಆಸ್ಪತ್ರೆಗೆ ಸೇರಿದ್ದನ್ನ ಎರಡು ದಿನ ನನ್ನಿಂದ ಮುಚ್ಚಿಟ್ರಿ, ನಾನು ನೊಂದ್ಕೋತೀನಿ ಅಂತ. ಆ ಎರಡು ದಿನ ಫೋನಲ್ಲಿ ಅವಳ ಜೊತೆ ಮಾತಾಡ್ಬೋದಿತ್ತು ನಾನು. ಇದನ್ನಾದ್ರೂ ನೀವಾಗೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ ರೀ."

ಅವಳು ನೋಯದಿರಲಿ ಎಂದು ತಾನು ಮುಚ್ಚಿಟ್ಟದ್ದೇ ಅವಳನ್ನು ಇಷ್ಟು ದಿನ ನೋಯಿಸಿದೆ ಎಂದು ನರಹರಿಗೆ ಈಗ ತಿಳಿಯಿತು. ತಪ್ಪಾಯಿತು ಎಂದ. ಇನ್ನು ಮುಂದೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೊದಲು ನಿನಗೇ ಹೇಳುತ್ತೇನೆ ಎಂದು, ಉಂಗುರವಿದ್ದ ಆ ಬೆರಳನ್ನೇ ಹಿಡಿದುಕೊಂಡು ಮಾತು ಕೊಟ್ಟ. ಭಾನುಮತಿ ಕಣ್ಣೊರೆಸಿಕೊಂಡು, ಸರಿ, ಕತ್ತಲಾಗುವ ಮೊದಲು ಹೊರಡೋಣ, ಒದ್ದೆ ಬಟ್ಟೆಯಲ್ಲಿ ನೆಗಡಿಯಾಗುತ್ತದೆ, ಈಗ ನೆಗಡಿಯಾದರೆ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿಸಬೇಕು ಎಂದಳು. ಮಳೆಯೂ ಅಷ್ಟರಲ್ಲಿ ಸ್ವಲ್ಪ ತಗ್ಗಿತ್ತು. ಅನನ್ಯ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿದಳು.

ನರಹರಿ ಹಗುರಾದ ಮನಸ್ಸಿನಿಂದ ಎದ್ದು ಪ್ಯಾಂಟಿನ ಬಲಜೇಬಿಗೆ ಕೈ ಹಾಕಿದ. ಎಡಜೇಬಿಗೆ ಹಾಕಿದ. ಹಿಂದಿನ ಜೇಬು, ಅಂಗಿಯ ಜೇಬು ಮುಟ್ಟಿ ನೋಡಿದ. ಬೆಳಗಿನಿಂದ ಬಗ್ಗಿ ಎದ್ದು ಹುಡುಕಿದ ಅರ್ಧ ಮೈಲಿ ಮರಳಿನ ಕಡೆಗೆ ಕಣ್ಣು ಹಾಯಿಸಿದ. ಹಳೆಯ ನರಹರಿಯಾಗಿದ್ದರೆ ಖಂಡಿತ ಜೋಪಾನವಾಗಿದೆ ಎನ್ನುತ್ತಿದ್ದ.

"ಭಾನು," ಎಂದ, "ಕಾರಿನ ಕೀ ಕಳ್ಕೊಂಡೆ."

ಹೇಳಿ, ಆಸೆಯಿಂದ ಅವಳ ಮುಖವನ್ನೇ ನೋಡುತ್ತ ನಿಂತ. ಭಾನುಮತಿ ಅವನನ್ನು ನೋಡಿದಳು, ಮಳೆಯಲ್ಲಿ ನೆನೆಯುತ್ತ ನಿಂತ ಕಾರನ್ನು ನೋಡಿದಳು, ಆಮೇಲೆ ಎರಡೂ ಅಂಗೈ ಬಿಡಿಸಿ ತೋರಿಸಿದಳು.

"ಈ ಸಲ ನಿಜವಾಗ್ಲೂ ನನ್ನ ಹತ್ರ ಇಲ್ಲ ರೀ."